ದನಕ್ಕೆ ಕಟ್ಟಿದ ಸೊಳ್ಳೆಪರದೆ

ನಾನು ಮೂರು ದಿನ ಅನುವಾದಕನಾಗಿದ್ದೆ. ಆ ಮೂರು ದಿನ ಬೈಂದೂರಿನ ಒಳಭಾಗದ ಮನೆಗಳಲ್ಲಿ ನನ್ನೆದುರು ಸುಳ್ಳು ಹೇಳದವೆಂದರೆ ದನಕರುಗಳು ಮಾತ್ರ. ನಾನೂ ಸಾಕಷ್ಟು ಹೇಳಿದ್ದೇನೆ, ಹಾಗಾಗಿ ಯಾರ ಮೇಲೂ ದೂರಿಲ್ಲ.

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ. ನಮ್ಮ ಕಡೆಯ ಕೆಲವು ಹಳ್ಳಿಗಳಿಗೆ ಹಿಂದಿನ ಮಳೆಗಾಲದಲ್ಲಿ ಹೊಸ ನಮೂನೆಯ ಸೊಳ್ಳೆಪರದೆ ಹಂಚಿದ್ದರು, ಮಲೇರಿಯಾ ತಡೆಯುವುದಕ್ಕೆ. ಮದ್ದು ಅದರ ನೂಲಿನೊಳಗೇ ಸೇರಿಕೊಂಡಿರುತ್ತದಂತೆ, ತೊಳೆದರೂ ಹೋಗುವುದಿಲ್ಲವಂತೆ. ಉಪಾಯ ಒಂದು ದೇಶದ್ದು, ಹೊಲಿದದ್ದು ಇನ್ನೊಂದು ದೇಶದಲ್ಲಿ, ಖರ್ಚು ಮತ್ತೆಲ್ಲಿಯವರದೋ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. "ಮೂರ್ ದೇಶ ಸೇರಿ ನಮ್ಗೆ ಬಲೆ ಕೊಡುದಂದ್ರೆ, ಹಿಡುಕೆ ಹೊರ್ಟದ್ದ್ ನುಸಿನಾ, ನಮ್ಮನ್ನಾ?" ಎಂದು ಒಬ್ಬರು ಕೇಳಿದರು. ನುಸಿ ಅಂದರೆ ನಮ್ಮಲ್ಲಿ ಸೊಳ್ಳೆ. ಚರ್ಚೆ ಮುಗಿಯಲಿಲ್ಲ, ಚಹಾ ಮಾತ್ರ ಮುಗಿಯಿತು.

ನಮ್ಮ ಮನೆಗೂ ಒಂದು ಬಂದಿತ್ತು. ಅಬ್ಬಿ, ಅಂದರೆ ನನ್ನಮ್ಮ, ಅದನ್ನು ಪ್ಯಾಕೆಟ್ಟಿನಿಂದಲೂ ತೆಗೆಯದೆ ಕಪಾಟಿನಲ್ಲಿಟ್ಟಳು, ನೆಂಟರು ಬಂದರೆ ಬೇಕು ಅಂತ. ನೆಂಟರನ್ನು ಸೊಳ್ಳೆ ಕಚ್ಚಬಾರದು. ನಮ್ಮನ್ನು ಕಚ್ಚಿದರೆ ಅದು ಮನೆಯೊಳಗಿನ ವಿಷಯ.

ಕೊಟ್ಟ ಪರದೆಯನ್ನು ಜನ ಬಳಸುತ್ತಾರೋ ಇಲ್ಲವೋ ಎಂದು ನೋಡಲು ಹೊರಗಿನಿಂದ ತಂಡ ಬಂತು. ಜೊತೆಗೆ ಬಂದ ಪೇಟೆಯ ಅನುವಾದಕರು ಮೊದಲನೆಯ ಮನೆಯಲ್ಲೇ ಸೋತರು. ಯಜಮಾನರು ಎಲ್ಲಿ ಎಂದು ಕೇಳಿದ್ದಕ್ಕೆ "ಗೆದ್ದಿಗ್ ಹೋಯಿರ್, ಈಗ ಬತ್ರ್, ಕೂಕಣಿ" ಎಂಬ ಉತ್ತರ ಬಂತು, ಗದ್ದೆಗೆ ಹೋಗಿದ್ದಾರೆ, ಈಗ ಬರುತ್ತಾರೆ, ಕೂತುಕೊಳ್ಳಿ ಎಂದಷ್ಟೇ. ಇದು ಯಾವ ಭಾಷೆ ಎಂದು ಅವರು ಆ ಮನೆಯವರನ್ನೇ ಕೇಳಿದರಂತೆ.

ಆಗ ನನ್ನ ಹೆಸರು ಹೇಳಿದವಳು ಊರಿನ ಆರೋಗ್ಯ ಕಾರ್ಯಕರ್ತೆ ಅಕ್ಕ. ಚೀಲ ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಬಂದು "ಯಾರಿಗಾದ್ರೂ ಜ್ವರ ಇತ್ತಾ, ಜ್ವರಾ?" ಎಂದು ಮೀನು ಮಾರುವವರ ಧಾಟಿಯಲ್ಲಿ ಕೇಳುವುದು ಅವಳ ಕ್ರಮ. ನಾನದನ್ನು ಮದುವೆಮನೆಗಳಲ್ಲಿ ಮಾಡಿ ತೋರಿಸಿ ನಗಿಸುತ್ತಿದ್ದೆ, ಅದು ಅವಳ ಕಿವಿಗೂ ಬಿದ್ದಿತ್ತು. "ಎಲ್ಲರ ಬಾಯಲ್ಲೂ ಮಾತಾಡ್ತ್ಯಲ, ಒಂದ್ ಮೂರ್ ದಿನ ಡಾಕ್ಟ್ರ ಬಾಯಲ್ಲೂ ಮಾತಾಡ್" ಅಂದಳು. ಇಂಗ್ಲಿಷಿನಲ್ಲಿ ಎರಡನೇ ಸಲಕ್ಕೆ ಪಾಸಾದವನನ್ನು ಈ ಕೆಲಸಕ್ಕೆ ಕಳಿಸಿದ್ದು ಉಪಕಾರವೋ ಸೇಡೋ ಎಂದು ನನಗೆ ಇವತ್ತಿಗೂ ಅನುಮಾನ.

ಫಾರಿನ್ ಡಾಕ್ಟರು ಎಂದಾಗ ನಾನು ಮೂಗಿನಲ್ಲಿ ಇಂಗ್ಲಿಷ್ ಆಡುವುದನ್ನು ಬಚ್ಚಲುಮನೆಯಲ್ಲಿ ಒಂದು ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದೆ. ಜೀಪಿನಿಂದ ಇಳಿದವರು ತಾಂಜಾನಿಯಾದ ಡಾಕ್ಟರಮ್ಮ. ಅಬ್ಬಿಯ ಪ್ರಾಯ, ಚಪ್ಪಟೆ ಚಪ್ಪಲಿ, ಕೈಯಲ್ಲಿ ಒಂದು ಕೊಡೆ. ಮಾತಾಡಿದರೆ ನಮ್ಮ ಹೈಸ್ಕೂಲ್ ಮಾಸ್ತರರಂತೆ ಒಂದೊಂದು ಅಕ್ಷರವನ್ನೂ ನೆಲಕ್ಕೆ ಊರಿ ಊರಿ ಹೇಳುವರು. ನನ್ನ ಮೂಗಿನ ಇಂಗ್ಲಿಷ್ ದಂಡವಾಯಿತು. ಜನರಿಗೂ ಸಮಾಧಾನವಿಲ್ಲ. "ಇವ್ರ್ ಖಂಡಿತ ಫಾರಿನ್ನಾ? ಯಲ್ಲಾಪುರ ಬದಿಯವ್ರಲ್ವಾ?" ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದವರಿದ್ದಾರೆ. ಆ ಬದಿಯ ಕಾಡಿನಲ್ಲಿ ಆಫ್ರಿಕಾ ಮೂಲದವರು ತಲೆಮಾರುಗಳಿಂದ ಇದ್ದಾರೆ. ಬಿಳಿಯರಾದರೆ ಯಾಕೆ ಬಂದರು ಎಂಬ ಅನುಮಾನ. ಬಿಳಿಯರಲ್ಲದಿದ್ದರೆ ನಿಜವಾಗಿ ಬಂದವರು ಹೌದಾ ಎಂಬ ಅನುಮಾನ.

ಆದರೆ ಅನುಮಾನದಲ್ಲಿ ಡಾಕ್ಟರಮ್ಮ ನಮ್ಮೆಲ್ಲರಿಗೂ ಗುರು. ಪರದೆ ಕಟ್ಟುತ್ತೀರಾ ಎಂದು ನಾನು ಕೇಳಬೇಕು, ದಿನಾ ಕಟ್ಟುತ್ತೇವೆ ಎಂದು ಮನೆಯವರು ಹೇಳಬೇಕು, ಅವರು ಮಾತ್ರ ಅದನ್ನು ಬರೆದುಕೊಳ್ಳುವುದಿಲ್ಲ. ಒಳಗೆ ಹೋಗಿ ಪರದೆಯನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ಎತ್ತುವರು. ಪ್ಯಾಕೆಟ್ಟಿನಲ್ಲಿ ಮಡಿಸಿಟ್ಟ ಗೆರೆ, ನಾಲ್ಕು ದಿನ ಕಟ್ಟಿ ಮಲಗಿದರೆ ಹೋಗಿಬಿಡುತ್ತದೆ. ನಮ್ಮವರ ಪರದೆಗಳಲ್ಲಿ ಗೆರೆಗಳು ಇಸ್ತ್ರಿ ಹಾಕಿದ ಷರಟಿನ ಹಾಗೆ ನಿಂತಿದ್ದವು. ಡಾಕ್ಟರಮ್ಮ ಗೆರೆಯ ಮೇಲೆ ಬೆರಳು ಎಳೆದು ನನ್ನನ್ನು ನೋಡುವರು, ನಾನು ಅಕ್ಕನನ್ನು ನೋಡುವೆ, ಅಕ್ಕ ಮಾಡಿನ ಹಂಚು ನೋಡುವಳು. ಹಿಂದಿನ ಸಂಜೆಯೇ ಮನೆಮನೆಗೆ ಸುದ್ದಿ ಮುಟ್ಟಿಸಿದ್ದು ಯಾರೆಂದು ಹಂಚಿಗೂ ಗೊತ್ತಿತ್ತು.

ನಿನ್ನೆ ಇದರೊಳಗೆ ಯಾರ್ಯಾರು ಮಲಗಿದ್ದರು ಎಂಬುದು ಅವರ ಕಾಗದದಲ್ಲಿದ್ದ ಇನ್ನೊಂದು ಪ್ರಶ್ನೆ. ಒಬ್ಬ ಅಜ್ಜ ಎಲೆ ಉಗಿದು ಬಂದು, "ಇದನ್ನ್ ಕೇಂಬುಕೆ ಅಷ್ಟ್ ದೂರದಿಂದ ಬಂದ್ರಾ ಇವ್ರ್?" ಅಂದ. ನಾನು "ಅವರೊಬ್ಬರೇ ಮಲಗಿದ್ದರಂತೆ" ಎಂದು ಅನುವಾದಿಸಿದೆ.

ಮೂರನೆಯ ದಿನ, ತಂಡ ಹೊರಡುವ ದಿನ, ಕೊನೆಯದಾಗಿ ಒಂದು ಮನೆಗೆ ಹೋದೆವು. ತಾಯಿ ಮತ್ತು ಮಗಳು ಇಬ್ಬರೇ. ಮಗಳ ಗಂಡ ಮುಂಬೈಯಲ್ಲಿ ಕ್ಯಾಂಟೀನ್ ಕೆಲಸದಲ್ಲಿದ್ದ, ಗಂಡನ ಮನೆ ಬ್ರಹ್ಮಾವರದಲ್ಲಿ. ಅವಳು ಆರು ತಿಂಗಳ ಬಸುರಿ, ಮುಂಬೈಯಿಂದ ತಾಯಿಮನೆಗೆ ಬಂದು ತಿಂಗಳಾಗಿತ್ತು. ಬಸುರಿ ಬಂದಿದ್ದಾಳೆಂದೇ ಹಂಚಿ ಉಳಿದ ಪರದೆಗಳಲ್ಲಿ ಒಂದನ್ನು ಅಕ್ಕ ಆ ಮನೆಗೆ ತಂದುಕೊಟ್ಟಿದ್ದಳು.

ಒಳಕೋಣೆಯ ಪರದೆಯಲ್ಲಿ ಒಂದೂ ಗೆರೆಯಿಲ್ಲ. ಡಾಕ್ಟರಮ್ಮನ ಮುಖ ಅರಳಿತು. ಅಕ್ಕನ ಮುಖ ಅದಕ್ಕಿಂತ ಅರಳಿತು. ಅಷ್ಟರಲ್ಲಿ ಡಾಕ್ಟರಮ್ಮ ಬಲೆಯ ಕಣ್ಣಿನಿಂದ ಏನೋ ಎಳೆದರು. ಒಂದು ಹುಲ್ಲುಕಡ್ಡಿ, ಒಂದು ಗಿಡ್ಡ ಕೆಂಚು ಕೂದಲು. ಅದನ್ನು ನನ್ನ ಅಂಗೈಯಲ್ಲಿಟ್ಟು, "ಇದರೊಳಗೆ ಮಲಗುವುದು ಯಾರು, ಕೇಳು" ಅಂದರು.

ತಾಯಿ ಕೊಟ್ಟಿಗೆಯ ಕಡೆ ಕೈ ತೋರಿಸಿದರು. "ದನ ಕರು ಹಾಕಿ ಹತ್ತ್ ದಿನ ಆಯ್ತ್. ನಮ್ಗೆ ಕೈ ಇತ್ತ್, ಹೊಡ್ಕಂಬುಕೆ ಆತ್ತ್. ಪಾಪ, ಅದ್ಕೆ ಇಪ್ಪುದ್ ಬಾಲ ಒಂದೇ."

ಅನುವಾದ ಕೇಳಿ ಡಾಕ್ಟರಮ್ಮ ಗೋಡೆ ಹಿಡಿದುಕೊಂಡು ನಕ್ಕರು. ಅವರ ತಾಯಿಯ ಮನೆಯಲ್ಲಿ ಪರದೆ ಕೋಳಿಮರಿಗಳ ಮೇಲಿತ್ತಂತೆ, ಹದ್ದು ಎತ್ತಿಕೊಂಡು ಹೋಗಬಾರದೆಂದು. "ಆದರೆ ಅವರಿಗೆ ಹೇಳು. ದನಕ್ಕೆ ಪರದೆ ಕಟ್ಟಿದರೆ ಹಸಿದ ಸೊಳ್ಳೆ ಪಕ್ಕದ ಕೋಣೆಗೆ ಬರುತ್ತದೆ. ಅಲ್ಲಿ ಮಲಗಿರುವುದು ಯಾರು?"

ನಾನು ಹೇಳಿದೆ. ತಾಯಿ ಕೂಡ ನಕ್ಕರು. ಮನೆ ಸ್ವಲ್ಪ ಸಡಿಲವಾಯಿತು. ಆಮೇಲೆ ಕಾಗದದ ಕೊನೆಯ ಪ್ರಶ್ನೆ. ಎರಡು ವಾರದೊಳಗೆ ಯಾರಿಗಾದರೂ ಜ್ವರ ಬಂದಿತ್ತಾ?

ತಾಯಿ ನನ್ನ ಕಡೆ ನೋಡಲಿಲ್ಲ. ಮಗಳ ಕಡೆ ಬಾಗಿ, ಸೆರಗು ಸರಿಮಾಡುವವರಂತೆ ಮೆಲ್ಲಗೆ, "ನಿನ್ನೆ ಚಳಿ ಬಂದದ್ ಬಾಯ್ಬಿಡ್ಬೇಡ ಕಾಣ್. ಆಚೆ ಮೊನ್ನೆದೂ ಬೇಡ. ಹೋದ್ ಸಲದ್ದ್ ನೆನ್ಪಿತ್ತಲ? ಇವ್ರ್ ಮಾತ್ರೆ ಕೊಟ್ರೆ ಇದೂ ಹೋತ್ತ್" ಅಂದರು. ಆಮೇಲೆ ಗಟ್ಟಿಯಾಗಿ ನನಗೆ, "ಇಲ್ಲ ಅನ್ನಿ. ಎಲ್ಲರೂ ಲಾಯ್ಕಿದ್ರ್."

ನಾನು "ನೋ" ಅಂದೆ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಅವರು ಇಷ್ಟುದ್ದ ಮಾತಾಡಿದರು. ನೀನು ಒಂದೇ ಅಕ್ಷರ ಕೊಟ್ಟೆ. ಉಳಿದದ್ದು ಎಲ್ಲಿ?"

ಮೂರು ದಿನದಲ್ಲಿ ನಾನು ನುಂಗಿದ ಮಾತುಗಳೆಲ್ಲ ಬೈಗುಳ, ತಮಾಷೆ. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಇದನ್ನು ನುಂಗಿದರೆ ಸಂಜೆಗೆ ಜೀಪು ಹೋಗುತ್ತದೆ, ನಾಳೆಗೆ ಚಳಿ ಮತ್ತೆ ಬರುತ್ತದೆ, ಆರು ತಿಂಗಳ ಹೊಟ್ಟೆಯ ಮೇಲೆ. ಹೇಳಿದರೆ, ಅವರು ನಮ್ಮ ಭಾಷೆಯವನೆಂದು ನಂಬಿ ನನ್ನೆದುರು ಆಡಿದ ಗುಟ್ಟು ಬಯಲಾಗುತ್ತದೆ. ತಾಯಿಗೆ ತಿಳಿಯದಂತೆ ಡಾಕ್ಟರಮ್ಮನಿಗೆ ಮಾತ್ರ ಹೇಳುವ ದಾರಿ ಹುಡುಕಿದೆ. ಇರಲಿಲ್ಲ. ಫೀವರ್, ಟೆಂಪರೇಚರ್, ಮಲೇರಿಯಾ, ಟ್ಯಾಬ್ಲೆಟ್, ಎಲ್ಲವೂ ನಮ್ಮಲ್ಲಿ ಅಕ್ಕಿ ಬೇಳೆಯಷ್ಟೇ ಬಳಕೆಯ ಮಾತು. ಇಂಗ್ಲಿಷಿನಲ್ಲಿ ಜ್ವರಕ್ಕೆ ಆ ತಾಯಿಗೆ ಗೊತ್ತಿಲ್ಲದ ಒಂದು ಪದವೂ ನನಗೆ ಬರುತ್ತಿರಲಿಲ್ಲ.

ಹೇಳಿದೆ. ಯಾರ ಧ್ವನಿಯನ್ನೂ ಹಾಕದೆ, ನನ್ನ ಬರಡು ಧ್ವನಿಯಲ್ಲೇ ಹೇಳಿದೆ. ನಾನು ಹಾಗೆ ಮಾತಾಡಿದ್ದನ್ನು ಅಕ್ಕ ಅದೇ ಮೊದಲು ಕೇಳಿದ್ದಂತೆ.

"ನೀ ಯಾರ್ ಮನಿ ಹುಡ್ಗ?" ತಾಯಿ ಎದ್ದು ನಿಂತರು. "ತಿಂದದ್ದ್ ನಮ್ಮ ನೀರಿನ ಅಕ್ಕಿ ಅಲ್ದಾ ನೀ? ಇಷ್ಟೊತ್ತ್ ನೆಗಿ ಮಾಡ್ಸಿ ಮಾಡ್ಸಿ ಮಾತ್ ಎಳುಕೆ ಬಂದದ್ದಾ?"

ಡಾಕ್ಟರಮ್ಮ ನನ್ನನ್ನು ಕೂರಲು ಹೇಳಿ, ತಾವೂ ನೆಲದ ಮೇಲೆ ಕೂತರು. ಹೋದ ಸಲ ಏನಾಯಿತು ಎಂದು ಕೇಳಿಸಿದರು. ಮುಂಬೈಯಲ್ಲಿ ಮೊದಲನೆಯ ಬಸುರಿನಲ್ಲಿ ಇದೇ ರೀತಿಯ ಚಳಿಜ್ವರ. ಮಾತ್ರೆ ಕೊಟ್ಟರು. ಮಾರನೆಯ ದಿನ ಮಗು ಹೋಯಿತು.

"ಮಾತ್ರೆ ಕೊಡುವ ಮೊದಲು ಜ್ವರ ಎಷ್ಟು ದಿನ ಇತ್ತು?"

ಉತ್ತರ ಹೇಳಿದವಳು ಮಗಳು. "ಹನ್ನೊಂದ್ ದಿನ."

ಡಾಕ್ಟರಮ್ಮ ತಮ್ಮ ಒಡಹುಟ್ಟಿದ ಅಕ್ಕನ ಕತೆ ಹೇಳಿದರು. ಅದೂ ಹೀಗೆಯೇ ಇತ್ತು. ಆ ಮನೆಯಲ್ಲೂ ಎಲ್ಲರೂ ಮಾತ್ರೆಯನ್ನೇ ಬೈದರಂತೆ, ಜ್ವರವನ್ನು ಯಾರೂ ಬೈಯಲಿಲ್ಲ. "ನಾನೂ ಮಾತ್ರೆಯನ್ನೇ ಬೈದಿದ್ದೆ. ಓದುವುದಕ್ಕೆ ಹೋದ ಮೇಲೆ ಗೊತ್ತಾಯಿತು. ಕೊನೆಗೆ ಬಂದದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ." ಇದನ್ನು ಕನ್ನಡಕ್ಕೆ ತರುವಾಗ ನನ್ನ ನಾಲಿಗೆ ಎರಡು ಸಲ ತಡವರಿಸಿತು.

ಮಗಳು ಬೆರಳು ಮುಂದೆ ಮಾಡಿದಳು. "ಅಬ್ಬಿ, ಬಿಡ್. ಕಾಂಬ."

ಅಕ್ಕ ಚೀಲದಿಂದ ಕಿಟ್ ತೆಗೆದಳು. ಬೆರಳುದ್ದದ ಪ್ಲಾಸ್ಟಿಕ್ಕಿನ ಪಟ್ಟಿ. ಒಂದು ಹನಿ ರಕ್ತ, ಮೇಲೆ ನಾಲ್ಕು ಹನಿ ಔಷಧ. ಹಿಂದೆಲ್ಲ ಗಾಜಿನ ಮೇಲೆ ರಕ್ತ ಸವರಿ ಕಳಿಸಿದರೆ ಉತ್ತರ ಬರುವಷ್ಟರಲ್ಲಿ ಜ್ವರ ಬಂದವನು ತಾನೇ ಗುಣವಾಗಿ ಜಗಳಕ್ಕೆ ನಿಂತಿರುತ್ತಿದ್ದ. ಇದಕ್ಕೆ ಇಪ್ಪತ್ತು ನಿಮಿಷ ಸಾಕು. ಆ ಇಪ್ಪತ್ತು ನಿಮಿಷ ತಾಯಿ ಪಟ್ಟಿಯನ್ನು ಹಾಲು ಉಕ್ಕದಂತೆ ಕಾಯುವವರ ಹಾಗೆ ಕಾದರು, ನಾವು ಯಾರಾದರೂ ಅದನ್ನು ಬದಲಿಸಿಬಿಡುತ್ತೇವೆಂದು.

ಎರಡು ಗೆರೆ ಮೂಡಿತು. ಮಲೇರಿಯಾ. ಅಕ್ಕ ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದಳು. ಈ ಜಾತಿಯ ಮಲೇರಿಯಾಕ್ಕೆ ಬಸುರಿಯರೂ ತಿನ್ನಬಹುದಾದ ಹಳೆಯ ಮಾತ್ರೆ ಇದೆ, ಮೂರು ದಿನದ್ದು. ಆದರೆ ಇದು ಸ್ವಲ್ಪ ಪಿತ್ತಜನಕಾಂಗದಲ್ಲಿ ಅಡಗಿ ಕೂರುತ್ತದೆ, ಅಡಗಿದ್ದನ್ನು ಓಡಿಸುವ ಮಾತ್ರೆ ಬಸುರಿಯರಿಗೆ ಕೊಡುವಂತಿಲ್ಲ, ಹೆರಿಗೆಯ ನಂತರವೇ ಅದರ ಮಾತು. ಡಾಕ್ಟರಮ್ಮ ಇದನ್ನೂ ಮುಚ್ಚಿಡದೆ ಹೇಳಿಸಿದರು.

"ಮೊದ್ಲ್ ಇವ ಒಂದ್ ತಿನ್ಲಿ" ಎಂದು ತಾಯಿ ನನ್ನನ್ನು ತೋರಿಸಿದರು. ನಾನು ತಿನ್ನಲೂ ತಯಾರಾಗಿದ್ದೆ. ಡಾಕ್ಟರಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇವನು ಬಸುರಿಯಲ್ಲ. ಇವನಿಗೆ ಏನೂ ಆಗದಿದ್ದರೆ ನಿಮಗೆ ಏನು ಗೊತ್ತಾಗುತ್ತದೆ?" ಅಂದರು. ನನ್ನ ಬಗ್ಗೆಯೇ ಆಡಿದ ಮಾತನ್ನು ನಾನೇ ಅನುವಾದಿಸಬೇಕಾಯಿತು.

ತಾಯಿ ಯೋಚಿಸಿದರು. "ಸರಿ. ಇವ್ರ್ ಈಗ ವಿಮಾನ ಹತ್ತುವರ್. ನಾಳೆ ಎಂತಾರೂ ಆದ್ರೆ ನಾ ಯಾರನ್ನ್ ಹಿಡ್ಕಂಬುದ್? ಇವ ದಿನಾ ಬರ್ಕ್. ಜಗಲಿ ಮೇಲ್ ಕೂರ್ಕ್."

ಹೀಗೆ ಮೂರು ದೇಶಗಳು ಸೇರಿ ಮಾಡಿದ ಕೆಲಸಕ್ಕೆ ನಾನು ಜಾಮೀನಾದೆ.

ಅಕ್ಕ ಮೊದಲನೆಯ ಮಾತ್ರೆ ಅಲ್ಲೇ ನುಂಗಿಸಿದಳು, ಡಾಕ್ಟರಮ್ಮ ಹೋದರು. ಮಾರನೆಯ ದಿನ ಬೈಂದೂರಿನ ಬಸ್ಸು ಹತ್ತಿ ಹೋಗಿ ಜಗಲಿಯಲ್ಲಿ ಕೂತೆ. ಬೆಳಿಗ್ಗೆ ಅಕ್ಕ ಎರಡನೆಯ ಮಾತ್ರೆ ನುಂಗಿಸಿದ್ದಳು. ಜ್ವರ ದಿನ ಬಿಟ್ಟು ದಿನ, ಮಧ್ಯಾಹ್ನ ಮೂರರ ಹೊತ್ತಿಗೆ. ಅಂದು ಬರುವ ದಿನ. ಮೂರಕ್ಕೆ ಬಂತು. ಒಳಗಿನಿಂದ ಹಲ್ಲು ಕಡಿಯುವ ಸಣ್ಣ ಸದ್ದು ಕೇಳಿತು. ಈ ನಡುಕವನ್ನು ನಾನು ಕಾಲೇಜಿನಲ್ಲಿ ಎಷ್ಟು ಸಲ ಮಾಡಿ ರಜೆ ತಗೊಂಡಿದ್ದೆನೋ. ಹತ್ತಿರದಲ್ಲಿ ಕೇಳಿದರೆ ನನ್ನದು ಸ್ವಲ್ಪವೂ ಹೋಲುತ್ತಿರಲಿಲ್ಲ.

ತಾಯಿ ಬಾಗಿಲಿಗೆ ಬಂದು ನಿಂತು ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಕ್ಕನಿಗೆ ಫೋನು ಮಾಡಿದೆ. "ಒಂದೇ ದಿನಕ್ಕೆ ನಿಲ್ಲುದಿಲ್ಲ ಮಾರಾಯ. ಮೊನ್ನೆಗಿಂತ ಕಮ್ಮಿ ಇತ್ತಾ ಕೇಣ್." ಕೇಳಿದೆ. ಒಳಗಿನಿಂದ ಮಗಳ ಧ್ವನಿ, "ಕಮ್ಮಿ ಇತ್ತ್." ತಾಯಿ, "ನಂಬುಕೆ ಆತ್ತಿಲ್ಲ. ಅವ್ಳ್ ಇವನ್ ಮೋರೆ ಕಂಡ್ ಪಾಪ ಅಂದ್ ಹೇಳುದ್."

ಅದರ ಮಾರನೆಯ ದಿನ ಮೂರನೆಯ ಮಾತ್ರೆ ಮುಗಿಯಿತು, ಅಂದು ಜ್ವರದ ಪಾಳಿಯೂ ಇರಲಿಲ್ಲ. ಇನ್ನೊಂದು ದಿನ ಕಳೆದರೆ ಮತ್ತೆ ಪಾಳಿ. ಆ ದಿನ ಎರಡೂವರೆಗೇ ತಾಯಿ, ಮಗಳು, ನಾನು, ಮೂವರೂ ಜಗಲಿಯಲ್ಲಿ ಕೂತೆವು. ಮೂರಾಯಿತು. ಮಗಳು ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದುಮಿಕೊಂಡು ಕೂತಿದ್ದಳು, ನಡುಗಲು ಬಿಡಬಾರದು ಎಂಬಂತೆ. ಮೂರೂವರೆ. ನಾಲ್ಕಕ್ಕೆ ಅವಳು ಕೈ ಹೊರಗೆ ತೆಗೆದು ನೋಡಿಕೊಂಡು, "ಅಬ್ಬಿ, ಹಸಿವಾತ್ತ್. ಗಂಜಿ ಇತ್ತಾ?" ಅಂದಳು.

ತಾಯಿ ಏಳಲಿಲ್ಲ. ಅಕ್ಕ ಕೊಟ್ಟ ಥರ್ಮಾಮೀಟರ್ ಮಾಡಿನ ಸಂದಿಯಲ್ಲಿತ್ತು, ಅದರ ಮೇಲೆ ಅವರಿಗೆ ನಂಬಿಕೆಯಿಲ್ಲ. ಎಡಗೈಯನ್ನು ಮಗಳ ಕುತ್ತಿಗೆಗೆ ಇಟ್ಟರು. ಹೋಲಿಸಿ ನೋಡಲು ಬಲಗೈಯನ್ನು ನನ್ನ ಕುತ್ತಿಗೆಗೆ ಇಟ್ಟರು. ತುಂಬ ಹೊತ್ತು ಇಟ್ಟಿದ್ದರು.

"ಇಬ್ರದ್ದೂ ಒಂದೇ ಹದ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಂಗ್ ಜ್ವರ ಇಲ್ಲ ಅಲ್ದಾ? ಸುಳ್ಳ್ ಹೇಳ್ಬೇಡ."

ಇಲ್ಲ ಅಂದೆ. ಅವರು ಇನ್ನೊಂದು ಸಲ ಮುಟ್ಟಿ ನೋಡಿದರು.