ಊಟದಂಗಡಿಯ ಬೆಂಚಿನ ಕೆಳಗೊಂದು ಗೋದಾಮು

ಮಸೀದಿಯ ಬೆಳಗಿನ ಕರೆ ಮುಗಿದು ಸ್ವಲ್ಪ ಹೊತ್ತಾಗಿದೆ. ಮೆರಾಪಿ ಜ್ವಾಲಾಮುಖಿಯ ನೆತ್ತಿಯ ಹೊಗೆಗೆ ಇನ್ನೂ ಬಿಸಿಲು ತಾಗಿಲ್ಲ. ಜಾವಾದ ಮುಂತಿಲಾನ್ ಹತ್ತಿರದ ಕಲ್ಲುಕುಟಿಗರ ಕೇರಿಯಲ್ಲಿ, ಕೊನೆಯ ಮನೆಯ ಅಂಗಳದಲ್ಲಿ ತುಮಿರಾ ಕುಕ್ಕರಗಾಲಲ್ಲಿ ಕೂತು ಕಲ್ಲುಗಳನ್ನು ಒಂದೊಂದಾಗಿ ಬಡಿದು ನೋಡುತ್ತಿದ್ದಾರೆ. ಕೈಯಲ್ಲಿರುವುದು ಹಿಡಿ ಸವೆದ ಮರದ ಸೌಟು. ಗಟ್ಟಿ ಕಲ್ಲಾದರೆ ಟಣ್ ಎನ್ನುತ್ತದೆ. ಒಳಗೆ ಸೀಳು ಬಿಟ್ಟಿದ್ದರೆ ಒಡಕು ಮಡಕೆಯ ದನಿ. ಅಂಥದ್ದನ್ನು ಬದಿಗೆ ಸರಿಸಿ, ಒಳ್ಳೆಯದನ್ನು ಒಣಗಿದ ಬಾಳೆಪಟ್ಟೆಯಲ್ಲಿ ಸುತ್ತಿ, ಕೂಸಿಗೆ ಬಟ್ಟೆ ಸುತ್ತಿದಷ್ಟೇ ಜೋಪಾನವಾಗಿ ಹಗ್ಗ ಬಿಗಿಯುತ್ತಾರೆ.

ಇವು ಚೊಬೆಕ್‌ಗಳು. ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿ ಅರೆಯುವ ಕಪ್ಪು ಕಲ್ಲಿನ ತಟ್ಟೆ, ಜೊತೆಗೊಂದು ಬಾಗಿದ ಗುಂಡು. ಬೆಟ್ಟ ಉಗುಳಿದ ಕಲ್ಲನ್ನು ಕೇರಿಯ ಗಂಡಸರು ಕೆತ್ತುತ್ತಾರೆ. ತುಮಿರಾ ಫೋನಿನಲ್ಲಿ ಮಾರುತ್ತಾರೆ.

"ಆನ್‌ಲೈನಲ್ಲಿ ಕಲ್ಲು ಮಾರ್ತೀನಿ ಅಂದಾಗ ನಮ್ಮಣ್ಣ ಬಿದ್ದು ಬಿದ್ದು ನಕ್ಕಿದ್ದ," ಎನ್ನುತ್ತಾರೆ, ಹಗ್ಗವನ್ನು ಹಲ್ಲಲ್ಲಿ ಎಳೆಯುತ್ತಾ. "ಬಲೂನು ಮಾರೇ, ಹೊತ್ಕೊಂಡು ಹೋಗೋನ ಬೆನ್ನಾದ್ರೂ ಉಳಿಯುತ್ತೆ ಅಂದ. ಈಗ ಅವನು ಕೆತ್ತಿದ್ದನ್ನೂ ನಾನೇ ಮಾರ್ತೀನಿ."

ಮಾರಾಟಕ್ಕೆ ಇಳಿದದ್ದು ಹುಮ್ಮಸ್ಸಿನಿಂದಲ್ಲ. ಗಂಡ ಸುರಾಜಿ ಈ ಕೇರಿಯ ನುರಿತ ಕೈ. ಚಿಕ್ಕಂದಿನಿಂದ ಉಳಿ ಹಿಡಿದವರು. ಕಲ್ಲಿನ ಧೂಳು ಒಳಗೆ ಇಳಿಯುತ್ತಾ ಹೋಗಿ ಒಂದು ಮಳೆಗಾಲದಲ್ಲಿ ಮೆಟ್ಟಿಲು ಹತ್ತಲಾರದೆ ಕೂತುಬಿಟ್ಟರು. ಇನ್ನು ಉಳಿ ಮುಟ್ಟಬೇಡಿ ಎಂದರು ಡಾಕ್ಟರು. ಮನೆಯಲ್ಲಿ ಸುಮ್ಮನೆ ಕೂತ ಗಂಡಸನ್ನು ನೋಡಲಾಗದೆ ತುಮಿರಾ ಅವರ ಕೈಗೂ ಒಂದು ಫೋನು ಕೊಟ್ಟರು. ಗಿರಾಕಿಗಳು ಏನಾದರೂ ಕೇಳಿದರೆ ಉತ್ತರ ಹೇಳುವುದು ಅವರ ಕೆಲಸ. ಬೆರಳಲ್ಲಿ ಒತ್ತಿ ಬರೆಯುವುದು ಸುರಾಜಿಗೆ ಬಾರದು. ಹಾಗಾಗಿ ಮಾತಾಡಿಯೇ ಕಳಿಸುತ್ತಾರೆ, ಉಸಿರಿಗೊಮ್ಮೆ ನಿಂತು. "ನೋಡಮ್ಮಾ, ಹೊಸ ಕಲ್ಲಲ್ಲಿ ತಕ್ಷಣ ಸಂಬಲ್ ಅರೀಬೇಡ. ಮೊದ್ಲು ಒಂದು ಹಿಡಿ ಅಕ್ಕಿ ಹಾಕಿ ಅರಿ. ಹಿಟ್ಟು ಕಪ್ಪಗಾಗುತ್ತೆ, ಚೆಲ್ಲು. ಮತ್ತೆ ಅರಿ. ಹಿಟ್ಟು ಬೆಳ್ಳಗೆ ಬರೋವರೆಗೂ ಬಿಡಬೇಡ." ಸುರಬಾಯಾದ, ಬಾಂದುಂಗ್‌ನ ಹೊಸ ಮದುವಣಗಿತ್ತಿಯರು ಅವರನ್ನು ಅಜ್ಜಾ ಎಂದೇ ಕರೆಯುತ್ತಾರೆ. ಕೆಲವರು ತಾವು ಅರೆದ ಸಂಬಲ್‌ನ ಚಿತ್ರ ಕಳಿಸುತ್ತಾರೆ. ಸುರಾಜಿ ಅದನ್ನು ಹಿಗ್ಗಿಸಿ ನೋಡಿ, "ಇವಳು ಟೊಮೇಟೊ ಜಾಸ್ತಿ ಹಾಕಿದ್ದಾಳೆ," ಎನ್ನುತ್ತಾರೆ.

ಒಂದಷ್ಟು ಕಾಲ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಮಾರಾಟದ ಆ್ಯಪ್‌ನವರು ಜಕಾರ್ತದ ಪಕ್ಕದ ಬೆಕಾಸಿಯ ಹೊರವಲಯದಲ್ಲಿ ದೊಡ್ಡ ಗೋದಾಮು ತೆರೆದಿದ್ದರು. ಸರಕನ್ನು ಒಟ್ಟಿಗೆ ಅಲ್ಲಿ ತಲುಪಿಸಿದರೆ ಸಾಕು, ಬೇಡಿಕೆ ಬಂದಂತೆ ಕಟ್ಟಿ ಕಳಿಸುವುದು ಅವರ ಜವಾಬ್ದಾರಿ. ಜಕಾರ್ತದ ಗಿರಾಕಿಗೆ ಮಾರನೆಯ ದಿನವೇ ಕಲ್ಲು ಸಿಗುತ್ತಿತ್ತು. ತುಮಿರಾ ಅವರ ಅಂಗಡಿಯ ಹೆಸರಿನ ಪಕ್ಕ ಬೇಗ ತಲುಪುತ್ತದೆಂಬ ಹಸಿರು ಗುರುತು ಬಿತ್ತು. ಕೇರಿಯಲ್ಲಿ ಬಿಟ್ಟುಹೋಗಿದ್ದ ಉಳಿಗಳು ಮತ್ತೆ ಸದ್ದು ಮಾಡಿದವು.

ಆಮೇಲೆ ದರ ಏರತೊಡಗಿತು. ಗೋದಾಮಿನೊಳಗೆ ಇಳಿಸಿಕೊಳ್ಳಲು ಕಿಲೋ ಲೆಕ್ಕ, ಇಟ್ಟುಕೊಳ್ಳಲು ಜಾಗದ ಲೆಕ್ಕ, ಕಟ್ಟಿ ಕಳಿಸಲು ಮತ್ತೆ ತೂಕದ ಲೆಕ್ಕ. ಬಹಳ ದಿನ ಕೂತ ಸರಕಿಗೆ ದಂಡ ಬೇರೆ. ಬಾಳೆಪಟ್ಟೆಯಲ್ಲಿ ಹುಳ ಬರುತ್ತದೆಂದು ಅದೂ ಬೇಡವಾಯಿತು, ಅವರು ಹೇಳಿದ ಅಳತೆಯ ರಟ್ಟಿನ ಪೆಟ್ಟಿಗೆಯೇ ಆಗಬೇಕಿತ್ತು. ಬಟ್ಟೆ ಮಾರುವವರು ಗೊಣಗಿ ಸುಮ್ಮನಾದರು. ಕಲ್ಲು ಮಾರುವವರು ಎಲ್ಲಿಗೆ ಹೋಗಬೇಕು? ಮೂರನೆಯ ಸಲ ದರ ಏರಿದಾಗ ಒಂದು ಕಲ್ಲಿನ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಗೋದಾಮಿಗೇ ಹೋಗುತ್ತಿತ್ತು.

ಅವತ್ತು ಕುಟಿಗರೆಲ್ಲ ತುಮಿರಾ ಅವರ ಅಂಗಳದಲ್ಲಿ ಸೇರಿದರು. ಬೆಲ್ಲದ ಕಾಫಿ ಬಂತು, ಹುರಿದ ಗೆಣಸು ಬಂತು, ಯಾರೂ ಕೈ ಚಾಚಲಿಲ್ಲ. ಕೊನೆಗೆ ಹಿರಿಯ ಕುಟಿಗ ಮರ್ಗಿಯೊ ಬಾಯಿ ಬಿಟ್ಟರು. "ನಮ್ಮ ಕೂಲಿಲಿ ಒಂದಿಷ್ಟು ಹಿಡ್ಕೋ ತುಮಿರಾ. ಏನೂ ಇಲ್ಲದ್ದಕ್ಕಿಂತ ವಾಸಿ."

"ಹಿಡಿಯಲ್ಲ," ಎಂದರು ತುಮಿರಾ. "ನಿಮ್ಮ ಕೂಲಿ ಹಿಡಿದು ಆ ಗೋದಾಮಿಗೆ ಕೊಡ್ಲಾ?"

"ಹಂಗಾದ್ರೆ ತೆಳ್ಳಗೆ ಕೆತ್ತೋಣ. ತೂಕ ಇಳಿಯುತ್ತೆ."

ಮೂಲೆಯಲ್ಲಿ ಕೂತಿದ್ದ ಸುರಾಜಿ ಏನೋ ಹೇಳಹೊರಟರು. ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ತೀರ್ಮಾನವಾಗಿಹೋಗಿತ್ತು.

ತೆಳ್ಳನೆಯ ಕಲ್ಲು ನೋಡಲು ಚೆಂದವೇ ಇತ್ತು, ಮಾರಾಟವೂ ಆಯಿತು. ತಿಂಗಳು ಕಳೆಯುವುದರೊಳಗೆ ದೆಪೊಕ್‌ನಿಂದ ಒಬ್ಬ ಹೆಣ್ಣುಮಗಳ ದನಿ ಸುರಾಜಿಯ ಫೋನಿಗೆ ಬಂತು. ಸಿಟ್ಟಿರಲಿಲ್ಲ ಅದರಲ್ಲಿ. "ಅಜ್ಜಾ, ನೀವು ಹೇಳ್ದಂಗೇ ಅಕ್ಕಿ ಅರ್ದಿದ್ದೆ. ಇವತ್ತು ಅತ್ತೆ ಬಂದಿದ್ರು. ಅವರೆದುರಿಗೇ ಕಲ್ಲು ಎರಡು ಹೋಳಾಯ್ತು. ನಾನೇನಾದ್ರೂ ತಪ್ಪು ಮಾಡಿದ್ನಾ?"

ಸುರಾಜಿ ಆ ದಿನ ಅನ್ನದ ತಟ್ಟೆಯನ್ನು ಮುಟ್ಟಲಿಲ್ಲ. "ಅವಳು ಕೊಂಡಿದ್ದು ಕಲ್ಲನ್ನಲ್ಲ, ನನ್ನ ಮಾತನ್ನ," ಎಂದಷ್ಟೇ ಹೇಳಿದರು. ತುಮಿರಾ ಆ ಹುಡುಗಿಗೆ ದಪ್ಪನೆಯದೊಂದು ಕಲ್ಲು ಕಳಿಸಿಕೊಟ್ಟರು. ಮನೆಯಲ್ಲಿ ಮಿಕ್ಕಿದ್ದ ತೆಳ್ಳನೆಯ ಕಲ್ಲುಗಳನ್ನು ಅಂಗಳದ ಕೆಸರಿನ ಮೇಲೆ ಮೆಟ್ಟಿಲ ಹಾಗೆ ಹಾಸಿಬಿಟ್ಟರು. ಗೋದಾಮಿನಿಂದ ಎಲ್ಲ ಸರಕನ್ನೂ ವಾಪಸ್ ತೆಗೆಯುವುದೆಂದು ಅವತ್ತೇ ನಿಶ್ಚಯಿಸಿದರು.

ಊರಿನ ಸಲಾಕ್ ಹಣ್ಣಿನ ಲಾರಿಗಳು ಜಕಾರ್ತದ ಕಡೆಗೆ ಹೋಗುತ್ತಲೇ ಇರುತ್ತವೆ. ಲಾರಿಯ ತ್ರಿಯೊನೊ ದೂರದ ನೆಂಟ. ಬೆಕಾಸಿಯಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದು ಅದನ್ನೇ ಗೋದಾಮು ಮಾಡಿಕೊಳ್ಳುವುದು ತುಮಿರಾ ಅವರ ಲೆಕ್ಕಾಚಾರ. ಅವನ ಲಾರಿಯಲ್ಲೇ ಬೆಕಾಸಿಗೆ ಹೋಗಿ, ಸರಕು ಹೊರಗೆ ತೆಗೆಯುವುದಕ್ಕೂ ಶುಲ್ಕ ಕಟ್ಟಿ, ಗೇಟಿನಲ್ಲಿ ಕಾದು ಕಾದು, ಕಲ್ಲುಗಳನ್ನು ಲಾರಿಗೆ ಹೇರಿಸಿಕೊಂಡು ಹೋದರೆ ಕೋಣೆಯ ಮಾಲೀಕ ಲಾರಿಯೊಳಗೆ ಇಣುಕಿ ನೋಡಿ ಮುಂಗಡವನ್ನು ವಾಪಸ್ ಕೈಗಿಟ್ಟ. "ಸಾಮಾನು ಅಂದ್ರಿ. ಕಲ್ಲು ಅನ್ನಲಿಲ್ಲ. ಮಹಡಿ ಕುಸಿದ್ರೆ ಕೆಳಗಿರೋರಿಗೆ ಏನು ಹೇಳ್ತೀರಿ?"

ತ್ರಿಯೊನೊ ಅಂದೇ ಹಿಂತಿರುಗಬೇಕಿತ್ತು. ಮಟಮಟ ಮಧ್ಯಾಹ್ನ ಕಳೆದಿತ್ತು. ಇಬ್ಬರೂ ರಸ್ತೆ ಬದಿಯ ಊಟದಂಗಡಿಯೊಂದನ್ನು ಹೊಕ್ಕರು. ಅದು ತೆಗಾಲ್ ಊರಿನ ಕಡೆಯವರ ಅಂಗಡಿ. ಗಾಜಿನ ಹಿಂದೆ ಬಟ್ಟಲುಗಳ ಸಾಲು, ಮುಂದೆ ಉದ್ದನೆಯ ಬೆಂಚು. ತುಮಿರಾ ಅನ್ನ ಕಲಸಿದವರು ಬಾಯಿಗೆ ಇಡದೆ ತಟ್ಟೆಯನ್ನೇ ನೋಡುತ್ತಾ ಕೂತರು.

ಬಡಿಸುತ್ತಿದ್ದ ಹೆಂಗಸು ಸೌಟು ಹಿಡಿದೇ ಹತ್ತಿರ ಬಂದಳು. "ಊಟಕ್ಕೆ ಬಂದ್ಯೇನಮ್ಮಾ, ಅಳೋಕೆ ಬಂದ್ಯಾ? ಅಳೋದಾದ್ರೆ ತಟ್ಟೆ ಆಚೆ ಇಟ್ಕೊಂಡು ಅಳು. ಸಾರಿಗೆ ಉಪ್ಪು ಸರಿಯಾಗಿದೆ."

ತುಮಿರಾಗೆ ನಗು ಬಂತು, ಅದರ ಹಿಂದೆಯೇ ನಿಜವಾಗಿ ಅಳು ಬಂತು. ಆ ಹೆಂಗಸು ರೊಖಾಯಾ, ಅಂಗಡಿಯ ಒಡತಿ. ಕಥೆಯೆಲ್ಲ ಕೇಳಿ ಲಾರಿಯ ಹತ್ತಿರ ಹೋಗಿ ಒಂದು ಕಲ್ಲನ್ನು ಎತ್ತಿ ನೋಡಿದಳು. ಅವಳ ಅಂಗಡಿಯ ಕಲ್ಲು ಸವೆದು ಒಡೆದ ಮೇಲೆ ಸಂಬಲ್ ಮಿಕ್ಸಿಯಲ್ಲೇ ತಿರುಗುತ್ತಿತ್ತು, ಗಿರಾಕಿಗಳು ಮೂಗು ಮುರಿಯುತ್ತಿದ್ದರು.

"ಹೊಸ ಕಲ್ಲು, ಮರಳು ಬಿಡುತ್ತೆ," ಎಂದಳು ಅನುಮಾನದಿಂದ.

"ಒಂದು ಹಿಡಿ ಅಕ್ಕಿ ಕೊಡಿ ಅಕ್ಕಾ."

ತುಮಿರಾ ಅಂಗಡಿಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಮಗ್ಗುಲಲ್ಲಿ ಕೂತು ಅರೆದರು. ಕಪ್ಪು ಹಿಟ್ಟು ಚೆಲ್ಲಿ ಮತ್ತೆ ಅರೆದರು. ತ್ರಿಯೊನೊ ಲಾರಿಯಲ್ಲೇ ನಿದ್ದೆ ಹೋದ. ಹಿಟ್ಟು ಹಾಲಿನಂತಾದಾಗ ರೊಖಾಯಾ ಬಂದು ಮೆಣಸಿನಕಾಯಿ, ಟೊಮೇಟೊ, ತ್ರಾಸಿ ಎಂಬ ಸುಟ್ಟ ಸೀಗಡಿ ಮುದ್ದೆ ಹಾಕಿ ತಾನೇ ಗುಂಡು ಹಿಡಿದಳು. ಬೆರಳಲ್ಲಿ ತೆಗೆದು ನಾಲಿಗೆಗಿಟ್ಟು, ಹಲ್ಲು ಕಡಿದು ನೋಡಿದಳು. ಮರಳಿಲ್ಲ.

"ಬೆಂಚಿನ ಕೆಳಗೆ ಇಟ್ಟು ಹೋಗು," ಎಂದಳು ಆಮೇಲೆ. "ಬಾಡಿಗೆ ಬೇಡ, ಈ ಕಲ್ಲು ನಂಗೆ. ಕಟ್ಟಿ ಕಳಿಸಿದ್ದಕ್ಕೆ ಒಂದೊಂದಕ್ಕೆ ಇಷ್ಟು ಅಂತ ಕೊಡು. ಮಧ್ಯಾಹ್ನದ ಮೇಲೆ ನಾನೂ ನನ್ನ ನಾದಿನಿನೂ ನೊಣ ಹೊಡೀತಾ ಕೂತಿರ್ತೀವಿ."

ಕೇರಿಗೆ ಬಂದು ಹೇಳಿದಾಗ ಅಣ್ಣ ತಲೆ ಚಚ್ಚಿಕೊಂಡ. "ಹೆಸರು ಬಿಟ್ರೆ ಅವಳ ಬಗ್ಗೆ ಏನೇ ಗೊತ್ತು ನಿಂಗೆ?"

"ಸಾರಿಗೆ ಉಪ್ಪು ಸರಿಯಾಗಿ ಹಾಕ್ತಾಳೆ," ಎಂದರಂತೆ ತುಮಿರಾ.

ಮೊದಲ ಬೇಡಿಕೆ ಬಂದ ದಿನ ವಿಳಾಸ ಕಳಿಸಿ ಫೋನನ್ನೇ ನೋಡುತ್ತಾ ಕೂತರು. ಸಂಜೆಯ ಹೊತ್ತಿಗೆ ರೊಖಾಯಾಳಿಂದ ಚಿತ್ರ ಬಂತು. ಬೈಕಿನವನ ಹಿಂದೆ ಒಂದು ಗಂಟು, ಪ್ಲಾಸ್ಟಿಕ್ ಹಗ್ಗ ಸುತ್ತಿ ಸುತ್ತಿ ಕಲ್ಲೋ ಕುಂಬಳಕಾಯಿಯೋ ತಿಳಿಯದ ಹಾಗಿತ್ತು. ಬಿಚ್ಚಲು ಮಚ್ಚು ಬೇಕಾಯಿತೆಂದು ಗಿರಾಕಿ ದೂರಿದರೂ ಕಲ್ಲು ಚೆನ್ನಾಗಿದೆಯೆಂದು ಬರೆದರು.

ಅಂಗಡಿಗೆ ಊಟಕ್ಕೆ ಬಂದವರು ಕಾಲಿಗೆ ತಗುಲಿದ್ದೇನೆಂದು ಬಗ್ಗಿ ನೋಡಿ ಕೊಂಡುಹೋಗತೊಡಗಿದರು. ರೊಖಾಯಾಳ ಊರಿನವರ ಊಟದಂಗಡಿಗಳು ನಗರದ ತುಂಬ ಇವೆ. ಒಬ್ಬಳು ತನಗೂ ಕಲ್ಲು ಬೇಕೆಂದಳು, ಜಾಗವನ್ನೂ ಕೊಟ್ಟಳು, ಅವಳನ್ನು ನೋಡಿ ಇನ್ನೊಬ್ಬಳು. ಈಗ ಆರು ಅಂಗಡಿಗಳ ಬೆಂಚಿನ ಕೆಳಗೆ ತುಮಿರಾ ಅವರ ಕಲ್ಲುಗಳಿವೆ. ಗಿರಾಕಿಗೆ ಹತ್ತಿರದ ಅಂಗಡಿಯಿಂದ ಬೈಕಿನಲ್ಲಿ ಹೋಗುತ್ತವೆ. ಕೇರಿಯಿಂದ ಸಲಾಕ್ ಬುಟ್ಟಿಗಳ ಅಡಿಯಲ್ಲಿ ಬರುತ್ತವೆ. "ಕೆಳಗೆ ಕಲ್ಲಿದ್ರೆ ತಿರುವಲ್ಲಿ ಲಾರಿ ಅಲ್ಲಾಡಲ್ಲ," ಎಂದು ತ್ರಿಯೊನೊ ಕಡಿಮೆ ಬಾಡಿಗೆಗೇ ಒಪ್ಪಿದ್ದಾನೆ. ಬಾಳೆಪಟ್ಟೆಗೆ ಈಗ ಯಾರ ತಕರಾರೂ ಇಲ್ಲ.

ಎಲ್ಲವೂ ನೆಟ್ಟಗಾಯಿತೆಂದಲ್ಲ. ಹಸಿರು ಗುರುತು ಹೋಯಿತು, ಹುಡುಕುವವರ ಕಣ್ಣಿಗೆ ಅಂಗಡಿ ಈಗ ಬೇಗ ಬೀಳುವುದಿಲ್ಲ. ಮೊದಲಿನ ಮಾರಾಟ ಇನ್ನೂ ಬಂದಿಲ್ಲ. ಅಂಗಡಿಯ ಒಡತಿಯೊಬ್ಬಳು ಬಾಗಿಲು ಮುಚ್ಚಿ ಕಲ್ಲಿನ ಸಮೇತ ಮಾಯವಾದಳು. ರೊಖಾಯಾ ಅವಳ ತವರಿನವರೆಗೂ ಬೈಗುಳ ಮುಟ್ಟಿಸಿದ ಮೇಲೆ ಅರ್ಧದಷ್ಟು ಕಲ್ಲುಗಳು ವಾಪಸ್ ಬಂದವು, ಉಳಿದರ್ಧಕ್ಕೆ ತುಮಿರಾ ಕೈ ತೊಳೆದುಕೊಂಡರು. ಆದರೆ ಕುಟಿಗರ ಕೂಲಿ ಇಳಿದಿಲ್ಲ. ಕಲ್ಲೂ ಮತ್ತೆ ತೆಳ್ಳಗಾಗಿಲ್ಲ.

ಬಿಸಿಲು ಅಂಗಳಕ್ಕಿಳಿದಿದೆ. ಕಟ್ಟಿದ ಕಲ್ಲುಗಳು ಗೋಡೆಯ ಪಕ್ಕ ಸಾಲಾಗಿ ಕೂತಿವೆ. ಇನ್ನೇನಾಸೆ ಎಂದರೆ ತುಮಿರಾ ಸ್ವಲ್ಪ ನಾಚಿಕೊಳ್ಳುತ್ತಾರೆ. "ಬರೋ ತಿಂಗಳು ರೊಖಾಯಾ ಮಗಳ ಮದುವೆ. ಇಷ್ಟು ಸಲ ಬೆಕಾಸಿಗೆ ಹೋದೆ, ಒಂದ್ಸಲನೂ ನೆಂಟರ ಥರ ಹೋಗಿಲ್ಲ. ಈ ಸಲ ಒಳ್ಳೆ ಕೆಬಾಯಾ ರವಿಕೆ ತೊಟ್ಕೊಂಡು, ಇವ್ರನ್ನ ಕಿಟಕಿ ಪಕ್ಕ ಕೂರಿಸ್ಕೊಂಡು ರೈಲಲ್ಲಿ ಹೋಗ್ಬೇಕು. ಕೈಬೀಸ್ಕೊಂಡು."

ಹಿತ್ತಿಲಿನಿಂದ ಸದ್ದು ಕೇಳುತ್ತಿದೆ. ಉಳಿಯ ಪೆಟ್ಟು ಒಂದು, ಎರಡು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸುರಾಜಿ ಬಾಳೆಗಿಡದ ನೆರಳಲ್ಲಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಕಲ್ಲಿನ ಮೇಲೆ ನೀರು ಸುರಿಯುತ್ತಾ ಕೂತಿದ್ದಾರೆ. ದಿನಕ್ಕೆ ಒಂದಿಷ್ಟೇ ಪೆಟ್ಟು, ಧೂಳು ಏಳಬಾರದು ಎಂಬುದು ಹೆಂಡತಿ ಹಾಕಿದ ಷರತ್ತು. ಮದುಮಗಳಿಗೆಂದು ಕೆತ್ತುತ್ತಿರುವ ಚೊಬೆಕ್ ಅದು. ಅಂಚು ದಪ್ಪಗಿದೆ, ಒಳಗಿನ ತಗ್ಗು ಅಂಗೈಯಂತಿದೆ. ಎಷ್ಟು ತೂಗೀತು ಎಂದು ಕೇಳಿದರೆ ಅವರು ಬಟ್ಟೆ ಕೆಳಗೆ ಸರಿಸಿ ನಗುತ್ತಾರೆ.

"ತೂಗಿಲ್ಲ. ಇದು ಮಾರೋದಲ್ವಲ್ಲ."