ರಾಣಿ ಪಿಂಕ್ ಬಗ್ಗಲೇಬೇಕಾದ ಶುಕ್ರವಾರ

ಬಾಳ್ಳುಪೇಟೆ ಬಸ್‌ಸ್ಟಾಪಿನ ಹಿಂದೆ, ಪಂಕ್ಚರ್ ಅಂಗಡಿಗೂ ಜವರಪ್ಪನ ಹೋಟೆಲ್ಲಿಗೂ ನಡುವೆ ಸಿಕ್ಕಿಹಾಕಿಕೊಂಡಿರುವ ಒಂದು ಕೋಣೆಯಲ್ಲಿ ಚನ್ನಬಸವಯ್ಯ ಬಟ್ಟೆಗೆ ಬಣ್ಣ ಹಾಕುತ್ತಾನೆ. ಹಳೇ ಸೀರೆಗೆ ಹೊಸ ಬಣ್ಣ, ಬ್ಲೌಸ್ ಪೀಸಿಗೆ ಸೀರೆಯ ಬಣ್ಣ, ಲಂಗಕ್ಕೆ ಬ್ಲೌಸಿನ ಬಣ್ಣ. ಹಾನುಬಾಳು, ಹೆಗ್ಗದ್ದೆ ಕಡೆಯಿಂದ ಮದುವೆ ಮನೆಯವರು ಜೀಪು ಮಾಡಿಕೊಂಡು ಬರುತ್ತಾರೆ, ಯಾಕೆಂದರೆ ಈ ಮನುಷ್ಯನ ಬಣ್ಣ ಹೋಗುವುದಿಲ್ಲ. ಸೀರೆ ಹರಿದು ನೆಲ ಒರೆಸುವ ಬಟ್ಟೆಯಾಗಿ, ಆ ಬಟ್ಟೆಯೂ ಮಣ್ಣಾಗಿ ಹೋದರೂ ಮಣ್ಣಿನಲ್ಲಿ ತನ್ನ ರಾಣಿ ಪಿಂಕ್ ಉಳಿದಿರುತ್ತದೆ ಎಂದು ಅವನೇ ಹೇಳಿಕೊಂಡು ತಿರುಗುತ್ತಾನೆ, ಅದೂ ಕೇಳದವರಿಗೆಲ್ಲ.

ತೊಂದರೆಯೂ ಅದೇ. ಸೀರೆ ಅದ್ದಿ ಉಳಿದ ನೀರು ಜವರಪ್ಪನ ಹೋಟೆಲ್ ಮುಂದಿನ ಚರಂಡಿಗೆ ಬೀಳುತ್ತಿತ್ತು. ಒಂದು ದಿನ ಹಸಿರು, ಮಾರನೇ ದಿನ ನೇರಳೆ. ಲಾರಿ ಡ್ರೈವರುಗಳು ಟೀ ಕುಡಿಯುತ್ತ ಇವತ್ತು ಯಾವ ಬಣ್ಣ ಬರುತ್ತದೆ ಎಂದು ಕಾದು ಕೂರುತ್ತಿದ್ದರು, ಜವರಪ್ಪನಿಗೂ ವ್ಯಾಪಾರ ಆಗುತ್ತಿತ್ತು, ಯಾರಿಗೂ ಏನೂ ಅನ್ನಿಸಿರಲಿಲ್ಲ. ಆದರೆ ಚರಂಡಿ ಹೋಗಿ ಸೇರುವ ಗದ್ದೆಯಲ್ಲಿ ಒಂದು ಬೆಳಗ್ಗೆ ಕೊಕ್ಕರೆಗಳೆಲ್ಲ ರಾಣಿ ಪಿಂಕ್ ಕಾಲಿನಲ್ಲಿ ನಿಂತಿದ್ದವು. ಯಾರೋ ಫೋಟೋ ತೆಗೆದರು, ಫೋಟೋ ಮಧ್ಯಾಹ್ನದೊಳಗೆ ಆಲೂರು ದಾಟಿತು, ಸಂಜೆಗೆ ಪಂಚಾಯ್ತಿ ಅಧ್ಯಕ್ಷೆ ರಾಜಲಕ್ಷ್ಮಮ್ಮ ಅಂಗಡಿ ಬಾಗಿಲಿಗೆ ಬಂದು ನಿಂತರು.

"ಬರೋ ಶುಕ್ರವಾರ ಬರ್ತೀನಿ ಕಣಯ್ಯ. ಚರಂಡೀಲಿ ಬಣ್ಣ ಕಂಡ್ರೆ ಬೀಗ ಹಾಕ್ಸ್‌ಬುಡ್ತೀನಿ. ಬೀಗ ನಾನೇ ತರ್ತೀನಿ, ನೀನು ಹುಡುಕೋ ಕಷ್ಟ ಬ್ಯಾಡ."

ಚನ್ನಬಸವಯ್ಯನಿಗೆ ಬೇರೆ ಕಸುಬು ಬರುವುದಿಲ್ಲ. ಅಡುಗೆ ಮಾಡಿದರೆ ಸಾರಿಗೂ ಬಣ್ಣ ಸಾಲದು ಎನ್ನುವ ಜಾತಿಯ ಮನುಷ್ಯ. ಊಟ ಬಿಟ್ಟು ಕೂತ. ಆಗ ಬಂದಿಳಿದಳು ಅಣ್ಣನ ಮಗಳು ಕೃತಿಕಾ, ಹಾಸನದಲ್ಲಿ ಎಂಎಸ್ಸಿ ಕೆಮಿಸ್ಟ್ರಿ, ಬ್ಯಾಗಿನ ತುಂಬ ಬಿಳೀ ಪುಡಿಯ ಡಬ್ಬಿಗಳು.

"ಚಿಕ್ಕಪ್ಪ, ನಿನ್ನ ಹಂಡೆ ಕೊಡು. ಹಳೇ ಮಂಗಳೂರು ಹೆಂಚಿದ್ರೆ ಅದನ್ನೂ ಕೊಡು."

ಅವಳ ಪ್ಲ್ಯಾನ್ ಇಷ್ಟೇ: ಹೆಂಚಿನ ಮೇಲೆ ಸತುವಿನ ಆಕ್ಸೈಡ್ ಬೆಳೆಸುವುದು. ಬೆಳೆಸುವುದು ಅಂದರೆ ನಿಜವಾಗಲೂ ಸಸಿಮಡಿಯ ಹಾಗೆ. ಮೊದಲು ಹೆಂಚಿಗೆ ಸತುವಿನ ದ್ರಾವಣ ಬಳಿದು ಸುಟ್ಟರೆ ಅದೇ ಬೀಜ. ಆಮೇಲೆ ಸತುವಿನ ಲವಣ ಕರಗಿಸಿದ ಬಿಸಿ ನೀರಿನಲ್ಲಿ ಹೆಂಚನ್ನು ಬೋರಲಾಗಿ ಇಳಿಬಿಟ್ಟು, ಕುದಿಯಲು ಬಿಡದೆ ಕಾಯಿಸುತ್ತಿದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಗಳು ಒತ್ತೊತ್ತಾಗಿ ಎದ್ದು ನಿಲ್ಲುತ್ತವೆ. ಅವುಗಳ ಮೇಲೆ ಬಣ್ಣದ ನೀರು ನಿಂತು, ನೀರಿನ ಮೇಲೆ ಬಿಸಿಲು ಬಿದ್ದರೆ ಸಾಕು, ಬಣ್ಣ ಚೂರುಚೂರಾಗಿ ಒಡೆದುಹೋಗುತ್ತದೆ.

"ನನ್ ಬಣ್ಣ ಒಡೆಯಲ್ಲ," ಎಂದ ಚನ್ನಬಸವಯ್ಯ.

"ಒಡೀಬೇಕು ಚಿಕ್ಕಪ್ಪ. ಅದಕ್ಕೇ ಬಂದಿರೋದು ನಾನು."

"ಒಡೀಲಿ ಅಂತ ನಂಗೂ ಆಸೆ ಐತೆ. ಆದ್ರೆ ಒಡೆಯಲ್ಲ."

ಮೊದಲನೇ ಹಂಡೆ ಹಾಳಾಯಿತು. ಹೆಂಚಿನ ಮೇಲೆ ಕಡ್ಡಿಯ ಬದಲು ಹಪ್ಪಳದ ಚೂರಿನಂಥ ಬಿಲ್ಲೆಗಳು ಬೆಳೆದು, ಉಜ್ಜಿದರೆ ಉದುರುತ್ತಿದ್ದವು. ಕೃತಿಕಾ ಹಂಡೆಯ ಅಂಚಿಗೆ ಅಂಟಿದ್ದ ಹರಳುಗಳನ್ನು ಬೆರಳಲ್ಲಿ ಉಜ್ಜಿ ನೋಡಿ ಕೇಳಿದಳು.

"ಚಿಕ್ಕಪ್ಪ, ಇದಕ್ಕೆ ಉಪ್ಪು ಹಾಕಿದ್ಯಾ?"

ಚನ್ನಬಸವಯ್ಯ ಗೋಡೆ ನೋಡಿದ. ಬಣ್ಣ ಬಟ್ಟೆಗೆ ಕಚ್ಚಲಿ ಅಂತ ಬಿಸಿ ನೀರಿಗೆ ಹಿಡಿ ಉಪ್ಪು ಎರಚಿ ಎರಚಿ ಅವನ ಕೈಗೆ ಅದು ಉಸಿರಾಟವಾಗಿಬಿಟ್ಟಿತ್ತು.

"ಕೈ ಹಾಕ್ತು ಕಣಮ್ಮ. ನಾನ್ ಹಾಕ್ಲಿಲ್ಲ."

ಎರಡನೇ ಹಂಡೆಗೆ ಅವನನ್ನು ಹತ್ತಿರ ಬಿಡಲಿಲ್ಲ. ಹೆಂಚುಗಳು ವಿಭೂತಿ ಬಳಿದುಕೊಂಡ ಹಾಗೆ ತೆಳ್ಳಗೆ ಬೆಳ್ಳಗಾಗಿ ಎದ್ದವು. ಅಂಗಡಿಯ ಹಿಂದಿನ ಬಯಲಲ್ಲಿ ಟ್ರೇ ಇಟ್ಟು, ಹೆಂಚು ಮಲಗಿಸಿ, ಕೃತಿಕಾ ಒಂದಿಷ್ಟು ನೀಲಿ ಪುಡಿ ಕದಡಿ ಸುರಿದಳು. ಮಧ್ಯಾಹ್ನದ ಹೊತ್ತಿಗೆ ನೀರು ತಿಳಿಯಾಗಿತ್ತು. ಹುಡುಗಿ ಕುಣಿದಾಡಿದಳು. ಚನ್ನಬಸವಯ್ಯ ಮೂತಿ ತಿರುಗಿಸಿದ.

"ಅದು ಸಂತೆ ನೀಲಿ, ಉಫ್ ಅಂದ್ರೆ ಹೋಯ್ತದೆ. ನನ್ ಪಿಂಕ್ ಹಾಕ್ನೋಡು."

ಸೀರೆ ಅದ್ದಿ ಉಳಿದ ರಾಣಿ ಪಿಂಕ್ ನೀರನ್ನು ಅವನೇ ತಂದು ಹೊಯ್ದ. ಬಿಸಿಲು ಬಿತ್ತು, ಏರಿತು, ಇಳಿಯಿತು. ಪಿಂಕ್ ಅಲ್ಲಾಡಲಿಲ್ಲ. ಚನ್ನಬಸವಯ್ಯ ಎದೆ ಉಬ್ಬಿಸಿಕೊಂಡು ಜವರಪ್ಪನ ಹೋಟೆಲ್ಲಿಗೆ ಹೋಗಿ ಕೂತ.

"ಸೈನ್ಸೇ ಸೋತ್ಹೋಯ್ತು ಕಣೋ ಜವರ. ನನ್ ಪಿಂಕ್ ಬಗ್ಗಲಿಲ್ಲ."

ಜವರಪ್ಪ ಟೀ ಸೋಸುತ್ತ ಹೇಳಿದ, "ಸರಿ ಮಾರಾಯ. ಅದು ಬಗ್ಗದೆ ಇದ್ರೆ ನಿನ್ ಅಂಗ್ಡಿಗೆ ಬೀಗ ಬೀಳ್ತೈತಲ್ಲ. ಈಗ ಯಾರ್ ಮೇಲೆ ಗೆದ್ದಂಗಾಯ್ತು?"

ಚನ್ನಬಸವಯ್ಯ ಲೋಟ ಕೆಳಗಿಟ್ಟು ಎದ್ದ. ಟೀ ಆರಿ ಕೆನೆ ಕಟ್ಟಿತು.

ವಾಪಸು ಬಂದಾಗ ಕೃತಿಕಾ ಟ್ರೇ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. "ಇಲ್ಲೂ ಉಪ್ಪೇ ಚಿಕ್ಕಪ್ಪ. ನಿನ್ನ ನೀರಲ್ಲಿ ಸಮುದ್ರದಷ್ಟು ಉಪ್ಪಿದೆ, ಅದು ಅಡ್ಡ ಬಂದ್ರೆ ಬಿಸಿಲಿಗೆ ಕೆಲಸ ಮಾಡಕ್ಕಾಗಲ್ಲ. ಅದ್ದಿದ ನೀರು ಚೆಲ್ಲಬೇಡ. ಡ್ರಮ್ಮಲ್ಲಿಡು, ಮುಂದಿನ ಪಿಂಕಿಗೆ ಅದನ್ನೇ ಬಳಸು. ಸೀರೆ ಜಾಲಿಸಿದ ನೀರು ಮಾತ್ರ ಹೆಂಚಿಗೆ ಬರಲಿ, ಅದರಲ್ಲಿ ಉಪ್ಪು ಕಮ್ಮಿ."

"ಒಬ್ಬರ ಸೀರೆ ಅದ್ದಿದ ನೀರಲ್ಲಿ ಇನ್ನೊಬ್ಬರ ಮದುವೆ ಸೀರೆನ? ಎಂಜಲು ಬಡಿಸ್ದಂಗೆ ಆಗಲ್ವ?"

"ಬೀಗ ಬೀಳೋದಕ್ಕಿಂತ ವಾಸಿ."

ಪ್ರತಿ ಸೀರೆಗೂ ಹೊಸ ನೀರು ಅನ್ನುವುದು ಅವನ ವ್ರತ. ವ್ರತ ಮುರಿಯುವವನ ಮುಖ ಮಾಡಿಕೊಂಡು ಹಳೇ ನೀರನ್ನು ಡ್ರಮ್ಮಿಗೆ ಸುರಿದ, ಅದರಲ್ಲೇ ಇನ್ನೊಂದು ಸೀರೆ ಅದ್ದಿದ, ಹಿಂಡಿ ನೋಡಿದ. ಬಣ್ಣ ಅಷ್ಟೇ ಚೆನ್ನಾಗಿ ಕಚ್ಚಿತ್ತು. ಇಷ್ಟು ವರ್ಷ ಚೆಲ್ಲಿದ್ದು ಒಳ್ಳೇ ಮಾಲು ಎಂದು ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ಶುಕ್ರವಾರ ರಾಜಲಕ್ಷ್ಮಮ್ಮ ಬಂದರು, ಬೀಗವೂ ಬಂತು. ಜಾಲಿಸಿದ ಪಿಂಕ್ ನೀರು ಟ್ರೇಗಳಲ್ಲಿ ಹೊಳೆಯುತ್ತಿತ್ತು. ಅಧ್ಯಕ್ಷರಿಗೆ ಜವರಪ್ಪ ಬೆಂಚು ಹಾಕಿದ, ಡ್ರೈವರುಗಳು ಲಾರಿ ನಿಲ್ಲಿಸಿದರು. ನೀರು ಅರ್ಧ ತಿಳಿಯಾಗುವಷ್ಟರಲ್ಲಿ ಘಾಟಿ ಕಡೆಯಿಂದ ಒಂದು ಮೋಡ ಬಂದು, ಬೇರೆ ಜಾಗವೇ ಇಲ್ಲದ ಹಾಗೆ ಸರಿಯಾಗಿ ಟ್ರೇಗಳ ನೆತ್ತಿಯ ಮೇಲೆ ನಿಂತುಬಿಟ್ಟಿತು.

ಚನ್ನಬಸವಯ್ಯ ಟ್ರೇ ಪಕ್ಕ ಕೂತ. ಜನ್ಮದಲ್ಲಿ ಯಾವ ಬಣ್ಣಕ್ಕೂ ಹೇಳದ ಮಾತನ್ನು ಮೆಲ್ಲಗೆ ಹೇಳತೊಡಗಿದ. "ಹೋಗವ್ವ. ನಮ್ಮವ್ವ ಅಲ್ವಾ, ಹೋಗ್ಬುಡು. ನಿನ್ ತಾಕತ್ತು ನಂಗೊತ್ತು, ಇವರಿಗೆ ತೋರ್ಸೋದು ಬ್ಯಾಡ."

ಮೋಡ ಸರಿಯಿತು. ಬಿಸಿಲು ಮತ್ತೆ ಬಿದ್ದು ಒಂದಿಷ್ಟು ಹೊತ್ತಾದ ಮೇಲೆ ರಾಜಲಕ್ಷ್ಮಮ್ಮ ಗಾಜಿನ ಲೋಟದಲ್ಲಿ ನೀರೆತ್ತಿ ಬೆಳಕಿಗೆ ಹಿಡಿದರು.

"ಇನ್ನೂ ಚೂರು ಬಣ್ಣ ಐತೆ."

"ಜವರಪ್ಪನ ಟೀಗಿಂತ ಕಮ್ಮಿ ಐತೆ ಬುಡಿ ಅಮ್ಮಾರೆ," ಎಂದ ಒಬ್ಬ ಡ್ರೈವರ್.

ಜವರಪ್ಪನ ಬೈಗುಳ ಮುಗಿಯುವವರೆಗೂ ಕಾದು ಅಧ್ಯಕ್ಷರು ಇನ್ನೊಂದು ಲೋಟ ಎತ್ತಿದರು. ಅದರಾಚೆ ಜವರಪ್ಪನ ಮೀಸೆ ಬಿಳಿ ಕೂದಲ ಸಮೇತ ಕಾಣಿಸಿತು. ಬೀಗವನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

"ಬಿಸಿಲಿದ್ದ ದಿನ ಗಾಢ ಬಣ್ಣ ಹಾಕ್ಕೊ. ಇಲ್ದಿದ್ದ ದಿನ ಮುಟ್ಬೇಡ."

ಈ ಸೀಮೆಯಲ್ಲಿ ಬಿಸಿಲು ಅರ್ಧ ವರ್ಷ ರಜೆಯ ಮೇಲಿರುತ್ತದೆ ಎಂದು ಅವನು ಹೇಳುವಷ್ಟರಲ್ಲಿ ಅಧ್ಯಕ್ಷರ ಜೀಪು ಹೊರಟುಹೋಗಿತ್ತು. ಹಾಗಾಗಿ ಈಗ ಅಂಗಡಿ ತೆರೆದೇ ಇದೆ, ಆದರೆ ಚನ್ನಬಸವಯ್ಯ ಗಿರಾಕಿಯ ಮುಖಕ್ಕಿಂತ ಮೊದಲು ಆಕಾಶ ನೋಡುತ್ತಾನೆ. ಮೊನ್ನೆ ಹಾನುಬಾಳಿನ ಗಂಗಾಮಣಿ ಮಗಳ ಮದುವೆಗೆಂದು ಬಿಳೀ ರೇಷ್ಮೆ ತಂದು ರಾಣಿ ಪಿಂಕ್ ಕೇಳಿದಳು. ಹೊರಗೆ ಮೋಡ ಕವಿದಿತ್ತು.

"ಇವತ್ತಾಗಲ್ಲ ಕಣಮ್ಮ. ಬೇಕಾದ್ರೆ ತಿಳಿ ಹಳದಿ ಹಾಕ್ಕೊಡ್ತೀನಿ."

"ಮದ್ವೆ ಹೆಣ್ಣಿಗೆ ತಿಳಿ ಹಳದಿ ಉಡಿಸಿದ್ರೆ ಕಾಮಾಲೆ ಅಂತಾರೆ ಕಣ್ರೀ."

"ಹಂಗಾದ್ರೆ ಬಿಸಿಲು ಬರ್ಲಿ."

ಗಂಗಾಮಣಿ ಸೀರೆಯನ್ನು ಅವನ ಕೈಗೆ ತುರುಕಿದಳು. "ಮಡಗ್ಕೊಳ್ಳಿ. ಬಂದಾಗ ಹಾಕಿ. ಮದ್ವೆ ಮಾತ್ರ ನಿಮ್ ಬಿಸಿಲಿಗೆ ಕಾಯಲ್ಲ."