ದಂಡೆಯ ಮೇಲಿಂದ ನಾನು ಎಬ್ಬಿಸಿದ ಕೂಸು

ನಿಮ್ಮವ್ವ ನಿಮ್ಮಪ್ಪನನ್ನು ಕೊಂದಿಲ್ಲ, ಭಾಗ್ಯಾ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಆ ಕಾದಂಬರಿ ಬರೆದೆ. ಗೊತ್ತಿದ್ದೂ, ನೀನು ಬಂದು ಕೇಳಿದ ದಿನ ಬಾಯಿ ಮುಚ್ಚಿಕೊಂಡೆ.

ಇಷ್ಟು ಹೇಳಲು ಇಷ್ಟು ವರ್ಷ! ಒಂದೇ ಬೇಸಿಗೆ ರಜೆಯಲ್ಲಿ ದೆವ್ವದ ಕಾದಂಬರಿ ಬರೆದು ಮುಗಿಸಿದವನು ನಾನು. ಪ್ರೇಮದ ಕಥೆ ಬರೆದೆ, ಕೋಟೆ ಕೊತ್ತಲದ ಐತಿಹಾಸಿಕ ಬರೆದೆ, ಮಕ್ಕಳಿಗೆ ಚಂದ್ರಲೋಕದ ಸಾಹಸ ಬರೆದೆ. ಆಳಂದದ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯವನು ‘ನಮ್ಮ ಮಾಸ್ತರು ಯಾವುದಕ್ಕ ಕೈ ಹಚ್ಚಿದರೂ ಬರೀತಾರ’ ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದ. ಅದನ್ನು ಕೇಳಲೆಂದೇ ನಾನು ಅಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಥೂ, ಎಂಥ ಹೊಟ್ಟೆಬಾಕ ನಾನು — ಅನ್ನಕ್ಕಲ್ಲ, ಹೊಗಳಿಕೆಗೆ.

ನೀನು ನರೋಣಾದ ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತವಳು, ಆದರೆ ಒಂದು ಸಂಗತಿ ನಿನಗೂ ಗೊತ್ತಿರಲಿಕ್ಕಿಲ್ಲ. ನನ್ನ ಕಾದಂಬರಿಗಳನ್ನೆಲ್ಲ ಎಲ್ಲರಿಗಿಂತ ಮೊದಲು ಓದುತ್ತಿದ್ದವಳು ನಿಮ್ಮವ್ವ, ಮಹಾದೇವಿ ಟೀಚರ್. ನಾವಿಬ್ಬರೂ ಆಳಂದದಿಂದ ಒಂದೇ ಬಸ್ಸಿಗೆ ಶಾಲೆಗೆ ಹೋಗುತ್ತಿದ್ದೆವು. ನಾನು ಬರೆದ ಹಾಳೆಗಳನ್ನು ಅವಳ ಕೈಗೆ ಕೊಡುತ್ತಿದ್ದೆ, ಅವಳು ಕಿಟಕಿ ಪಕ್ಕ ಕೂತು ಓದುತ್ತಿದ್ದಳು. ಓದಿ ಹೊಗಳುತ್ತಿರಲಿಲ್ಲ. ಎಲ್ಲಿ ಸುಳ್ಳಾಗಿದೆಯೋ ಅಲ್ಲಿ ಬೆರಳಿಡುತ್ತಿದ್ದಳು. ಊರೆಲ್ಲ ಚಪ್ಪಾಳೆ ತಟ್ಟಿದ ಜಾಗಗಳಲ್ಲಿ ಅರ್ಧಕ್ಕರ್ಧ ಅವಳು ತಿದ್ದಿಸಿದ್ದೇ. ಅದನ್ನು ಯಾವ ಮುನ್ನುಡಿಯಲ್ಲೂ ನಾನು ಬರೆಯಲಿಲ್ಲ.

ಮೊದಲ ಸಲ ಪತ್ತೇದಾರಿ ಕಾದಂಬರಿಗೆ ಕೈ ಹಾಕಿದ್ದೆ. ಗಂಡ ಸತ್ತ ಹೆಂಗಸೊಬ್ಬಳು ಎದೆ ಬಡಿದುಕೊಂಡು, ನೆಲಕ್ಕೆ ತಲೆ ಚಚ್ಚಿಕೊಂಡು ಅಳುವ ಹಾಗೆ ಒಂದು ಪುಟ ಬರೆದಿದ್ದೆ. ನನಗೆ ಬಹಳ ಹಿಡಿಸಿದ ಪುಟ ಅದು. ನಿಮ್ಮವ್ವ ಅದನ್ನು ಓದಿ ಹಾಳೆ ಮಡಚಿ ತೊಡೆಯ ಮೇಲಿಟ್ಟುಕೊಂಡಳು.

“ಇದು ಸುಳ್ಳ ಆಗ್ಯಾದ್ರಿ ಸರ. ಎಲ್ಲಾ ಹೆಣ್ಮಕ್ಕಳು ಹಿಂಗ ಅಳಂಗಿಲ್ರಿ. ನಾ ಅತ್ತಿಲ್ಲ” ಎಂದಳು.

ಆಮೇಲೆ ಘತ್ತರಗಿಯ ಆ ದಿನದ ಮಾತು ಹೇಳಿದಳು. ನಾನು ಕೇಳಿರಲಿಲ್ಲ. ಅವಳ ಮೇಲೆ ಆಗ ಯಾವ ಆಪಾದನೆಯೂ ಇರಲಿಲ್ಲ, ಸುಳ್ಳು ಹೇಳುವ ಗರಜೂ ಇರಲಿಲ್ಲ. ನನ್ನ ಒಂದು ಪುಟ ನೆಟ್ಟಗಾಗಲಿ ಎಂದು ಹೇಳಿದಳು, ಅಷ್ಟೇ. ಇದನ್ನು ನೀನು ನೆನಪಿಡಬೇಕು.

ಘತ್ತರಗಿಯ ದೇವಿ ಭಾಗ್ಯವಂತಿಗೆ ನಿನ್ನ ಹೆಸರಿನ ಹರಕೆ ಇತ್ತು. ನಿನಗೆ ಆಗ ನಾಲ್ಕೂ ತುಂಬಿರಲಿಲ್ಲ. ಮನೆಯವರೆಲ್ಲ ಹೋಳಿಗೆ ಕಟ್ಟಿಕೊಂಡು ಹೋಗಿದ್ದಿರಿ. ಭೀಮಾ ಹೊಳೆಯಲ್ಲಿ ಜಳಕ ಮಾಡಿ, ದೇವಿಗೆ ನೈವೇದ್ಯ ತೋರಿಸಿ, ಆಮೇಲೆ ಊಟ — ಅದು ಪದ್ಧತಿ. ನಿಮ್ಮಪ್ಪ ಜಳಕಕ್ಕೆ ಇಳಿದವನು ಮಡುವಿನಲ್ಲಿ ಕಾಲು ಜಾರಿ ಹೋದ. ಗಂಡಸರು ತೆಪ್ಪ ತಂದು ಹುಡುಕತೊಡಗಿದರು. ಹೊತ್ತು ಇಳಿಯಿತು. ಬೆಳಗಿನಿಂದ ಏನೂ ತಿನ್ನದ ನೀನು ಹಸಿವೆಯಿಂದ ಅಳುತ್ತಿದ್ದೆ.

“ಕೂಸಿಗಿ ಒಂದು ಹಟ ಇತ್ರಿ. ನಾ ಮೊದಲ ಒಂದು ತುತ್ತ ತಿಂದ್ರೇ ಅದು ಬಾಯಿ ತೆರೀತಿತ್ತು. ಅದರ ಬೆನ್ನ ಹೊಳಿ ಕಡಿ ಮಾಡಿ ನನ್ನ ಮುಂದ ಕೂಡಿಸ್ಕೊಂಡೆ. ನಾ ಅತ್ರ ಅದು ತಿರುಗಿ ನೋಡ್ತದಲ್ರಿ... ಅದಕ್ಕ ಅಳಲಿಲ್ಲ. ತೆಪ್ಪ ಹುಡಕಾಕತ್ತಿತ್ತು. ಅದನ್ನೇ ನೋಡಕೋತ ನಾನೂ ತಿಂದೆ, ಕೂಸಿಗೂ ತಿನ್ನಿಸಿದೆ.”

ಹಿಂದೆ ಹೊಳೆಯ ಮೆಟ್ಟಿಲುಗಳ ಮೇಲೆ ನಿಂತವರಿಗೆ ಅವಳ ಬೆನ್ನು ಕಂಡಿತು. ಬಾಯಿಗೆ ಹೋಗುವ ಕೈ ಕಂಡಿತು. ಮುಂದೆ ಕೂತ ನೀನು ಕಾಣಲಿಲ್ಲ. ನೈವೇದ್ಯ ತೋರಿಸದ ಹೋಳಿಗೆ, ಗಂಡನ ಹೆಣ ಇನ್ನೂ ಸಿಕ್ಕಿಲ್ಲ — ‘ಗಂಡ ಹೊಳ್ಯಾಗ, ಹೆಂಡ್ತಿ ಹೋಳಿಗ್ಯಾಗ’ ಎಂದು ಯಾರೋ ಅಂದರು. ಜನ ಅದನ್ನು ಕೆಲವು ದಿನ ಆಡಿಕೊಂಡರು, ಆಮೇಲೆ ಮರೆತರು. ಮಂದಿಯಾದರೂ ಮರೆತಿದ್ದರು ಭಾಗ್ಯಾ. ಸುಟ್ಟ ಸುಣ್ಣದ ಕಲ್ಲಿನಂತೆ ಸುಮ್ಮನೆ ಬಿದ್ದಿದ್ದ ಆ ಮಾತಿಗೆ ನೀರು ಹಾಕಿ ಕುದಿಸಿದವನು ನಾನು.

ಆ ದಿನ ಬಸ್ಸಿನಲ್ಲಿ ನನಗೆ ಏನನಿಸಿತು ಗೊತ್ತೇ? ಅಯ್ಯೋ ಎನಿಸಲಿಲ್ಲ. ‘ಸಿಕ್ಕಿತು’ ಎನಿಸಿತು. ನನ್ನ ಪತ್ತೇದಾರನಿಗೆ ಒಂದು ಸುಳಿವು ಬೇಕಾಗಿತ್ತು, ವಾರಗಟ್ಟಲೆ ಹುಡುಕುತ್ತಿದ್ದೆ. ಗಂಡ ನೀರಲ್ಲಿ ಹೋದಾಗ ದಂಡೆಯಲ್ಲಿ ಕೂತು, ಕಣ್ಣಲ್ಲಿ ಹನಿ ನೀರಿಲ್ಲದೆ, ದೇವಿಗೆ ತೋರಿಸದ ಹೋಳಿಗೆ ತಿನ್ನುವ ಹೆಂಗಸು — ಇದಕ್ಕಿಂತ ಗಟ್ಟಿ ಸುಳಿವು ಎಲ್ಲಿದೆ? ಮನೆಗೆ ಹೋದವನೇ ಬರೆಯಲು ಕೂತೆ.

ಬರೆಯುವಾಗ ಒಂದು ತೊಡಕು ಬಂತು. ಆ ತೊಡಕು ನೀನು. ಮುಂದೆ ಕೂಸು ಇದ್ದರೆ ಅವಳು ತಾಯಿ, ಓದುವವರ ಕರುಳು ಕಿವುಚುತ್ತದೆ. ಕೂಸು ಇಲ್ಲದಿದ್ದರೆ ಅವಳು ಕೊಲೆಗಾತಿ. ನನಗೆ ಕೊಲೆಗಾತಿ ಬೇಕಾಗಿದ್ದಳು. ನಿನ್ನನ್ನು ತೆಗೆದುಹಾಕಿದೆ. ಒಂದು ಪ್ಯಾರಾ ಹೊಡೆದುಹಾಕುವಷ್ಟೇ ಕೆಲಸ. ಕೈ ನಡುಗಿತೆಂದು ಈಗ ಬರೆದರೆ ಚಂದ ಕಾಣುತ್ತದೆ. ನಡುಗಲಿಲ್ಲ. ಬರೆದು ಮುಗಿಸಿ ಹೊಟ್ಟೆ ತುಂಬ ಉಂಡು ಮಲಗಿದೆ.

ಅದೊಂದು ಕಾದಂಬರಿಯನ್ನು ಮಾತ್ರ ನಿಮ್ಮವ್ವನಿಗೆ ಮೊದಲು ಓದಲು ಕೊಡಲಿಲ್ಲ. ‘ಅಚ್ಚಾದ ಮೇಲೆ ಓದ್ರಿ, ಮಜಾ ಬರ್ತದ’ ಅಂದೆ. ಅಂದರೆ ತಪ್ಪು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು, ಇಲ್ಲದಿದ್ದರೆ ಯಾಕೆ ಬಚ್ಚಿಡುತ್ತಿದ್ದೆ?

ನಮ್ಮ ಕಡೆ ನನ್ನ ಪುಸ್ತಕ ಬಂದರೆ ಜನಕ್ಕೆ ಒಂದು ಆಟ. ಇವ ಯಾರು, ಅವಳು ಯಾರ ಪೈಕಿ ಎಂದು ಚಹಾದಂಗಡಿಯಲ್ಲಿ ಗುರುತು ಹಿಡಿಯುವುದು. ನನ್ನನ್ನು ಕೇಳಿದರೆ ನಾನು ಮೀಸೆಯಲ್ಲಿ ನಗುತ್ತಿದ್ದೆ, ಹೌದು ಅನ್ನುತ್ತಿರಲಿಲ್ಲ, ಅಲ್ಲ ಅನ್ನುತ್ತಿರಲಿಲ್ಲ. ಆ ನಗೆಯಿಂದ ಪುಸ್ತಕ ಇನ್ನಷ್ಟು ಕೈ ದಾಟುತ್ತಿತ್ತು. ಈ ಸಲವೂ ಕೇಳಿದರು. ‘ಇದು ಮಹಾದೇವಿ ಟೀಚರೇ ಅಲ್ಲೇನ್ರಿ?’ ಈ ಸಲವೂ ನಕ್ಕೆ. ಓದಿ ಬಾಯಿ ಚಪ್ಪರಿಸಿದ ಮಹಾಶಯರೇ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ಅವಳು ಕಲಿಸಿದ ಮಕ್ಕಳ ಅಪ್ಪಂದಿರು ನೀವು. ಒಬ್ಬರಾದರೂ ‘ಮಾಸ್ತರ, ನಾಚಿಕಿ ಆಗಂಗಿಲ್ಲೇನು’ ಎಂದು ನನ್ನ ಕೊರಳಪಟ್ಟಿ ಹಿಡಿಯಬಾರದಿತ್ತೆ? ಆದರೆ ನಿಮ್ಮನ್ನು ಬೈದು ನಾನು ಪಾರಾಗುವುದಿಲ್ಲ. ಎಲೆ ಹಾಕಿ ಬಡಿಸಿದವನು ನಾನೇ.

ನಿಮ್ಮವ್ವ ಓದಿದಳು. ಮರುದಿನ ಬಸ್ಸಿನಲ್ಲಿ ನನ್ನ ಹತ್ತಿರ ಬಂದು, ಕೂಡದೆ, ಕಂಬಿ ಹಿಡಿದು ನಿಂತಳು.

“ಕೂಸಿನ್ನ ಎಲ್ಲಿಟ್ರಿ ಸರ?”

ಅಷ್ಟೇ ಕೇಳಿದಳು. ನಾನು, ‘ಕಥಿಗೆ ಬೇಕಾಗಿರಲಿಲ್ರಿ ಟೀಚರ’ ಅಂದೆ. ಆಮೇಲೆ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಅವಳ ಕುರ್ಚಿ ಕಿಟಕಿಯ ಕಡೆ ಸರಿಯಿತು.

ಆಗ ನೀನು ಅಫಜಲಪುರದಲ್ಲಿ ನಿಮ್ಮಪ್ಪನ ತಮ್ಮ, ಕಾಕಾನ ಮನೆಯಲ್ಲಿದ್ದು ಕಾಲೇಜು ಕಲಿಯುತ್ತಿದ್ದೆ. ಕಾಕಾನೇ ಪುಸ್ತಕ ತಂದುಕೊಟ್ಟನಂತೆ. ನೀನು ಊರಿಗೆ ಓಡಿಬಂದು ಅವ್ವನನ್ನು ಕೇಳಿದೆ. ‘ನೀ ನನ್ನ ಮುಂದೇ ಕುಂತಿದ್ದಿ’ ಎಂದು ಅವಳು ಹೇಳಿದಳು. ನಿನಗೆ ನೆನಪಿಲ್ಲ. ಅವ್ವನ ಮಾತು ನಂಬಲೋ ಅಚ್ಚಾದ ಪುಸ್ತಕ ನಂಬಲೋ ತಿಳಿಯದೆ ನೀನು ಶಾಲೆಗೆ ಬಂದೆ. ಮಧ್ಯಾಹ್ನದ ಬಿಸಿಯೂಟ ನಡೆದಿತ್ತು. ನಿನ್ನ ಕೈಯಲ್ಲಿ ನನ್ನ ಪುಸ್ತಕ, ಬೆರಳು ಆ ಪುಟದಲ್ಲಿ.

“ಖರೇ ಹೇಳ್ರಿ ಸರ. ನಮ್ಮವ್ವ ನಿಮಗ ಎಲ್ಲಾ ಹೇಳ್ಯಾಳಂತ. ನಾ ಅಲ್ಲಿ ಇದ್ದೆನಾ? ನೀ ಅಜ್ಜಿ ಜೋಡಿ ಗುಡ್ಯಾಗ ಇದ್ದಿ ಅಂತಾರ ಕಾಕಾ. ಪುಸ್ತಕದಾಗೂ ಕೂಸಿಲ್ಲ.”

‘ಇದ್ದಿಯವಾ’ — ಇಷ್ಟೇ ಸಾಕಿತ್ತು. ಒಂದು ಶಬ್ದ. ಸಾವಿರಾರು ಪುಟ ಬರೆದವನಿಗೆ ಅದೊಂದು ಶಬ್ದ ಹೊರಡಲಿಲ್ಲ. ಹೊರಡಿಸಿದ್ದರೆ ನನ್ನ ಸುಳಿವು ಸುಳ್ಳಾಗುತ್ತಿತ್ತು, ನಾನು ಕದ್ದದ್ದು, ತಿರುಚಿದ್ದು ಬಯಲಾಗುತ್ತಿತ್ತು. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇದು ಎಲ್ಲಕ್ಕಿಂತ ಹೊಲಸು — ನನ್ನ ಬರಹವನ್ನು ಒಬ್ಬ ಹುಡುಗಿ ಹೆತ್ತವ್ವನ ಮಾತಿಗಿಂತ ಹೆಚ್ಚು ನಂಬಿದ್ದಾಳೆಂದು ನನಗೆ ಒಳಗೊಳಗೇ ಹಿಗ್ಗಾಯಿತು.

“ಕಥಿ ಎಲ್ಲಿಂದ ಬಂತು ಅಂತ ಬರದಾಂವ ಹೇಳಬಾರದವಾ. ಓದಿದೋರು ತಿಳಕೋಬೇಕು” ಅಂದೆ. ಮತ್ತೆ ಆ ಹಾಳು ನಗೆ ನಕ್ಕೆ.

ನೀನು ತಿಳಿದುಕೊಂಡೆ. ಅಂದೇ ಅಫಜಲಪುರಕ್ಕೆ ಹಿಂತಿರುಗಿ ಹೋದೆ. ಮತ್ತೆ ಅವ್ವನ ಮನೆಯ ಹೊಸ್ತಿಲು ತುಳಿಯಲಿಲ್ಲ. ನಿಮ್ಮವ್ವ ವರ್ಗ ಮಾಡಿಸಿಕೊಂಡು ಜೇವರ್ಗಿ ಕಡೆಗೆ ಹೋದಳು. ನಿನ್ನ ಮದುವೆ ಕಾಕಾನ ಮನೆಯಿಂದ, ಅದೇ ಊರಿನವನ ಜೊತೆ ಆಯಿತು. ಅಕ್ಷತೆಗೆ ನಿಮ್ಮವ್ವನನ್ನು ಕರೆಯಲಿಲ್ಲ. ನನ್ನನ್ನು ಕರೆದಿರಿ! ನಾನು ಬಂದೆ. ಮಂಟಪದಲ್ಲಿ ಹೆಸರು ಕೂಗಿ ನನಗೆ ಶಾಲು ಹೊದಿಸಿದರು, ನೀನು ಬಾಗಿ ಕಾಲು ಮುಟ್ಟಿದೆ, ನಾನು ತಲೆಯ ಮೇಲೆ ಕೈಯಿಟ್ಟೆ. ಆಮೇಲೆ ಮೊದಲ ಪಂಕ್ತಿಯಲ್ಲಿ ಕೂತು ತುಪ್ಪ ಹಾಕಿಸಿಕೊಂಡು ಹೋಳಿಗೆ ಉಂಡೆ. ನಾನು ಹೋಳಿಗೆ ಉಂಡೆ, ಭಾಗ್ಯಾ, ಯಾರೂ ನನ್ನ ಕಡೆ ಬೆರಳು ತೋರಿಸಲಿಲ್ಲ.

ಕಳೆದ ತಿಂಗಳು ಜೇವರ್ಗಿಯ ಒಂದು ಶಾಲೆಗೆ ಭಾಷಣಕ್ಕೆ ಕರೆದಿದ್ದರು. ‘ಬರಹಗಾರನಿಗೆ ಸತ್ಯವೇ ಬಂಡವಾಳ’ ಎಂದು ನಾನು ಒದರುತ್ತಿದ್ದೆ. ಹಿಂದಿನ ಸಾಲಿನಲ್ಲಿ ಮಕ್ಕಳ ನಡುವೆ ನಿಮ್ಮವ್ವ ಕೂತಿದ್ದಳು. ಕೂದಲು ಪೂರಾ ಬೆಳ್ಳಗಾಗಿದೆ. ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿ ಭಾಷಣ ಮುಗಿಸಿದೆ. ಅಲ್ಲಿಯೂ ಸುಳ್ಳೇ.

ಹೊರಗೆ ಬೇವಿನ ಗಿಡದ ಕೆಳಗೆ ಅವಳನ್ನು ತಡೆದು ನಿಲ್ಲಿಸಿದೆ. “ಟೀಚರ, ನನ್ನದು ತಪ್ಪಾಗ್ಯಾದ್ರಿ. ಎಲ್ಲಾ ಖರೇ ಬರದು ಅಚ್ಚು ಹಾಕಸ್ತೇನಿ” ಅಂದೆ. ಕೈಮುಗಿದೆ. ನಾನು ಅಳುತ್ತಿದ್ದೆನೋ ಏನೋ. ಅವಳು ಮಾತ್ರ ಅಳಲಿಲ್ಲ.

“ನಿಮ್ಮ ಬರಹಕ್ಕ ಬೆಂಕಿ ಬೀಳಲಿ. ನೀವು ಬರದ್ರ ಅದೂ ಒಂದು ಕಥಿನೇ ಆಗ್ತದ. ಮಂದಿ ಓದಿ, ಎಷ್ಟ ಚೊಲೊ ಬರದಾರ ಅಂತಾರ” ಎಂದಳು. “ಆಕಿ ನಿಮ್ಮ ಬಾಯಿಲೆ ಕೇಳಿದ್ಲು. ಬಾಯಿಲೆ ಹೇಳ್ರಿ. ಆಕಿ ಮಾರಿ ನೋಡಿ ಹೇಳ್ರಿ.”

ಗಂಟೆ ಹೊಡೆಯಿತು, ಅವಳು ತರಗತಿಗೆ ಹೋದಳು.

ಅವಳು ಬೇಡ ಅಂದದ್ದನ್ನೇ ಮತ್ತೆ ಮಾಡುತ್ತಿದ್ದೇನಲ್ಲ! ಬರೆಯುತ್ತಿದ್ದೇನೆ. ಎರಡು ಸಲ ‘ಇದು ಚಂದ ಬಂತು’ ಎಂದು ಒಳಗೆ ಅನಿಸಿದ ಸಾಲುಗಳನ್ನು ಈಗಷ್ಟೇ ಹೊಡೆದುಹಾಕಿದೆ. ಈ ರೋಗ ನನ್ನ ಜೊತೆಗೇ ಮಣ್ಣಿಗೆ ಹೋಗುವಂಥದ್ದು. ಆದರೂ ಇದು ಬೇಕು — ಆ ಪುಸ್ತಕ ಓದಿದವರಿಗೆ ಅಚ್ಚಿನಲ್ಲೇ ಉತ್ತರ ಹೇಳಬೇಕು. ಅದು ಆಮೇಲೆ. ಮೊದಲು ನೀನು. ನಾನು ನಿನ್ನ ಮನೆಗೆ ಬಂದು ಹೋಗುವ ತನಕ ಈ ಹಾಳೆಗಳು ಯಾರ ಕೈಗೂ ಹೋಗುವುದಿಲ್ಲ.

ನಾಳೆ ಅಫಜಲಪುರದ ಬಸ್ಸು ಹತ್ತುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ನೀನು ಮಾಸ್ತರು ಬಂದರೆಂದು ಚಾಪೆ ಹಾಸಿ, ಚಹಾಕ್ಕೆ ನೀರಿಟ್ಟರೆ ಕೂಡುವುದಿಲ್ಲ, ನಿಂತೇ ಹೇಳುತ್ತೇನೆ. ಕೇಳಿ ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳುತ್ತೇನೆ:

“ನೀ ಅಲ್ಲಿ ಇದ್ದಿಯವಾ. ನಿಮ್ಮವ್ವನ ಮುಂದ, ಹೊಳಿ ಕಡಿ ಬೆನ್ನ ಮಾಡಿ ಕುಂತಿದ್ದಿ. ನಿನ್ನ ಅಲ್ಲಿಂದ ಎಬ್ಬಿಸಿದಾಂವ ನಾನು.”